ಪದಚರ್ಚೆ: ‘ಪ್ಲಗ್ಗಿಗೊಂದು ಕಾಯಿಲ್’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೆ ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಇಗ್ನಿಷನ್ ಕಾಯಿಲ್ (ಪ್ಲಗ್ಗಿನಲ್ಲಿ ಕಿಡಿ ಹಾರುವಷ್ಟು ವೋಲ್ಟೇಜ್ ಕೊಡುವ ತಂತಿಯ ಸುರುಳಿ) ಕೂರಿಸುವುದರ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಅಲ್ಲಿ ಮೂರು ನಾಲ್ಕು ಪದಗಳ ಹತ್ತಿರ ಗಾಡಿ ನಿಂತುಬಿಟ್ಟಿದೆ. ನಿಮ್ಮ ಸಹಾಯ ಬೇಕು.

ಕಾರು ಮಾಜ್ದಾ ಎಂಎಕ್ಸ್-5. ಮೊದಲ ತಲೆಮಾರಿನದು, 1.6 ಲೀಟರ್ ಎಂಜಿನ್. 1989ರಲ್ಲಿ ಶಿಕಾಗೋದ ಆಟೋ ಶೋನಲ್ಲಿ ಮೊದಲು ತೋರಿಸಿದ ಕಾರು. ಅಮೆರಿಕದಲ್ಲಿ ಮಿಯಾಟಾ ಅಂತಾರೆ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಅಂತ ಮಾರಿದ್ದರು. ಕಾರು ನನ್ನದಲ್ಲ, ಅಮೆರಿಕದಲ್ಲಿರುವ ನನ್ನ ತಮ್ಮನದು. ಕೈ ಮಸಿ ಮಾಡಿಕೊಳ್ಳುವವನು ಅವನು, ಬರೆಯುವವಳು ನಾನು. ಅಲ್ಲಿನ ಅವನ ಕನ್ನಡದ ಗೆಳೆಯರಿಗೂ, ಇಲ್ಲಿ ಡಿಪ್ಲೊಮಾ ಓದುತ್ತಿರುವ ನಮ್ಮಕ್ಕನ ಮಗನಿಗೂ ಓದಿದರೆ ಅರ್ಥವಾಗಬೇಕು. ಅಷ್ಟೇ ಆಸೆ.

ಪ್ಲಗ್, ಸಿಲಿಂಡರ್, ಪಿಸ್ಟನ್ ಇವನ್ನೆಲ್ಲ ಹಾಗೇ ಬಿಟ್ಟಿದ್ದೇನೆ. ಎಂಜಿನ್ನಿಗೆ ಬಿಣಿಗೆ, ಪಿಸ್ಟನ್ನಿಗೆ ಆಡುಬೆಣೆ ಅಂತ ಬರೆಯುವವರಿದ್ದಾರೆ. ಆ ಪದಗಳ ಮೇಲೆ ನನಗೇನೂ ಮುನಿಸಿಲ್ಲ. ಆದರೆ ಕೈಯಲ್ಲಿ ಸ್ಪ್ಯಾನರ್ ಹಿಡಿದು ಓದುವವನು ಪದದ ಹತ್ತಿರ ತಡವರಿಸಬಾರದು. ಕಾಯಿಲ್ ಕೂಡ ಹಾಗೇ. ಪಠ್ಯಪುಸ್ತಕದಲ್ಲಿ ಸುರುಳಿ ಅಂತಿದೆ, ಸರಿ. ಆದರೆ ಸೊಳ್ಳೆಗೆ ಹಚ್ಚುವುದರಿಂದ ಹಿಡಿದು ನೀರು ಕಾಯಿಸುವುದರವರೆಗೆ ಎಲ್ಲವೂ ನಮಗೆ ಕಾಯಿಲ್ಲೇ. ಒಂದೇ ಒಂದು ತೊಂದರೆ. ಮೆಕ್ಯಾನಿಕ್ ‘ಕಾಯಿಲೇ ಹೋಗಿದೆ’ ಅಂದರೆ ಕೇಳಿದವರು ಕಾಯಿಲೆ ಹೋಯ್ತಲ್ಲ, ಗಾಡಿ ಗುಣ ಆಯ್ತು ಅಂದುಕೊಳ್ಳಬಹುದು. ಅದಕ್ಕೆ ಬರಹದಲ್ಲಿ ಸುಮ್ನೆ ‘ಕಾಯಿಲ್ ಹೋಗಿದೆ’ ಅಂತಲೇ ಇಟ್ಟುಕೊಂಡಿದ್ದೇನೆ.

ಈಗ ಅಸಲು ವಿಷಯ. ‘ಇಂಡಿವಿಜುವಲ್ ಕಾಯಿಲ್’ ಅನ್ನುವುದಕ್ಕೆ ಏನು ಹೇಳೋಣ? ಅನುವಾದ ಮಾಡುವ ಯಂತ್ರವನ್ನು ಕೇಳಿದೆ. ‘ವೈಯಕ್ತಿಕ ಸುರುಳಿ’ ಅಂದಿತು. ವೈಯಕ್ತಿಕ ಸಾಲ ಕೇಳಿದ್ದೇನೆ, ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ಕೊಟ್ಟಿದ್ದೂ ಕೇಳಿದ್ದೇನೆ. ಕಾಯಿಲ್‌ಗೆ ವೈಯಕ್ತಿಕ ಬದುಕು ಎಲ್ಲಿಂದ ಬಂತು? ‘ಪ್ರತ್ಯೇಕ ಕಾಯಿಲ್’ ಸ್ವಲ್ಪ ವಾಸಿ. ಆದರೆ ಪ್ರತ್ಯೇಕ ಅಂದಕೂಡಲೇ ದೂರ ಇಟ್ಟಿದ್ದು ಅನ್ನುವ ಅರ್ಥ ಮೊದಲು ಬರುತ್ತೆ. ಪ್ರತ್ಯೇಕ ಕೋಣೆ, ಪ್ರತ್ಯೇಕ ರಾಜ್ಯ. ಇಲ್ಲಿ ಕಾಯಿಲ್ ಪ್ಲಗ್ಗಿನ ನೆತ್ತಿಯ ಮೇಲೇ ಕೂತಿರುತ್ತೆ. ಅದಕ್ಕಿಂತ ಹತ್ತಿರ ಇನ್ನೇನಿದೆ?

ನಮ್ಮ ಭಾಷೆಯಲ್ಲಿ ಇದಕ್ಕೆ ಸಿದ್ಧವಾದ ದಾರಿ ಇದೆ. ತಲೆಗೊಂದು ಮಾತು, ಊರಿಗೊಂದು ಕೆರೆ, ಮನೆಗೊಂದು ನಲ್ಲಿ. ಹಾಗೇ ಪ್ಲಗ್ಗಿಗೊಂದು ಕಾಯಿಲ್. ಬಸ್ಸಿಗೆ, ಪ್ಲಗ್ಗಿಗೆ ಅಂತ ಬಾಯಲ್ಲಿ ಹೇಗೂ ಒತ್ತು ಬರುತ್ತಲ್ವಾ, ಹಾಗಾಗಿ ‘ಪ್ಲಗ್‌ಗೊಂದು’ ಅಂತ ಕತ್ತರಿಸಿ ಬರೆಯುವುದಕ್ಕಿಂತ ಇದು ಸಲೀಸು. ಇದೇ ಅಚ್ಚಿನಲ್ಲಿ ಹಳೆಯ ಪದ್ಧತಿಗಳನ್ನೂ ಹೇಳಬಹುದು. ಒಂದೇ ಕಾಯಿಲಿನ ಕರೆಂಟನ್ನು ಪ್ಲಗ್ಗುಗಳಿಗೆ ಸರದಿಯಲ್ಲಿ ಹಂಚುವ ಡಿಸ್ಟ್ರಿಬ್ಯೂಟರ್ ಇದ್ದ ಕಾಲದಲ್ಲಿ ನಾಲ್ಕಕ್ಕೊಂದು ಕಾಯಿಲ್. ಈ ಮಿಯಾಟಾದಲ್ಲಿ ಕಾರ್ಖಾನೆಯಿಂದ ಬಂದದ್ದು ಎರಡಕ್ಕೊಂದು. ಅದೇ ಧಾಟಿಯಲ್ಲಿ ‘ಒಂದಕ್ಕೊಂದು ಕಾಯಿಲ್’ ಅಂತ ಬರೆದು ನೋಡಿದರೆ ಕಾಯಿಲ್‌ಗಳು ಒಂದಕ್ಕೊಂದು ಜಗಳ ಆಡುತ್ತಿವೆಯೇನೋ ಅನ್ನಿಸುತ್ತೆ! ಅದಕ್ಕೆ ಅಲ್ಲಿ ಮಾತ್ರ ಪ್ಲಗ್ಗಿನ ಹೆಸರು ಹೇಳಲೇಬೇಕು.

ಇಷ್ಟಕ್ಕೇ ಮುಗಿದಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ. ಪ್ಲಗ್ಗಿಗೊಂದು ಅನ್ನುವುದು ಎಷ್ಟು ಅಂತ ಮಾತ್ರ ಹೇಳುತ್ತೆ. ಎಲ್ಲಿ ಕೂರುತ್ತೆ, ಕಿಡಿ ಯಾವಾಗ ಹಾರುತ್ತೆ ಅನ್ನುವುದನ್ನು ಹೇಳುವುದಿಲ್ಲ. ಈ ಕೆಲಸದ ಬಗ್ಗೆ ಮಾತಾಡುವವರು ಮೂರನ್ನೂ ಒಂದೇ ಹೆಸರಿನಲ್ಲಿ ಕಟ್ಟಿಬಿಡುತ್ತಾರೆ. ಅಲ್ಲೇ ಎಡವಟ್ಟು ಆಗೋದು.

ಎಲ್ಲಿ ಅನ್ನುವುದು ಸುಲಭ. ತಮ್ಮ ಹಾಕುತ್ತಿರುವುದು ಟೊಯೋಟಾದ ಕಾಯಿಲ್‌ಗಳು. ಬೆರಳಿನ ಹಾಗೆ ಉದ್ದ, ಕೆಳಗೆ ಕಪ್ಪು ರಬ್ಬರಿನ ಕಾಲು. ಅದರೊಳಗೆ ಒಂದು ಸ್ಪ್ರಿಂಗ್ ಪ್ಲಗ್ಗಿನ ತುದಿಗೆ ಹೋಗಿ ಒತ್ತುತ್ತೆ. ತಲೆಯ ಹತ್ತಿರ ನಾಲ್ಕು ಪಿನ್ನಿನ ಕನೆಕ್ಟರ್: 12 ವೋಲ್ಟ್, ಅರ್ಥ್, ಎಂಜಿನ್ ನಡೆಸುವ ಕಂಪ್ಯೂಟರಿನಿಂದ ಬರುವ ಅಪ್ಪಣೆ, ಕಿಡಿ ಹಾರಿತು ಅಂತ ವಾಪಸ್ ಹೇಳುವ ವರದಿ. ಮಾಜ್ದಾದ ಹಳೆ ಕಂಪ್ಯೂಟರಿಗೆ ಆ ವರದಿ ಬೇಕಿಲ್ಲ, ಅದನ್ನು ಬಿಟ್ಟುಬಿಡಬಹುದು. ಕಾಯಿಲಿಗೆ ಕರೆಂಟ್ ಬಿಟ್ಟು ಕಡಿಯುವ ಇಗ್ನೈಟರ್ ಕಾಯಿಲಿನ ಒಳಗೇ ಇದೆ. ಹಾಗಾಗಿ ಕಾರಿನ ಹಳೆಯ ಇಗ್ನೈಟರ್ ಡಬ್ಬಿ ಹೊರಗೆ ಬರುತ್ತೆ. ಆದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತಿದೆ ಅಂತ ತೋರಿಸುವ ಟ್ಯಾಕೋಮೀಟರಿಗೆ ಸಿಗ್ನಲ್ ಹೋಗುತ್ತಿದ್ದದ್ದು ಆ ಡಬ್ಬಿಯಿಂದಲೇ. ಅದನ್ನು ಕಿತ್ತರೆ ಎಂಜಿನ್ ಓಡುತ್ತಿದ್ದರೂ ಮುಳ್ಳು ಸೊನ್ನೆಯ ಮೇಲೆ ಮಲಗಿರುತ್ತೆ. ಅದಕ್ಕೆ ಬೇರೆ ವ್ಯವಸ್ಥೆ ಮಾಡಬೇಕು. ಇನ್ನು ಪ್ಲಗ್ ಕೂತಿರುವ ಆ ಆಳವಾದ ತೂತಿಗೆ ‘ಪ್ಲಗ್ ಗುಂಡಿ’ ಅಂತ ಬರೆದಿದ್ದೇನೆ. ವಾಲ್ವ್ ಕವರಿನ ಗ್ಯಾಸ್ಕೆಟ್ ಹಳತಾದರೆ ಅಲ್ಲಿ ಆಯಿಲ್ ನಿಲ್ಲುತ್ತೆ, ರಬ್ಬರ್ ಕಾಲು ಹಾಳಾಗುತ್ತೆ. ಕಾಯಿಲ್ ಇಳಿಸುವ ಮುಂಚೆ ಟಾರ್ಚ್ ಬಿಟ್ಟು ನೋಡಬೇಕು.

ಹೀಗೆ ಪ್ಲಗ್ಗಿನ ಮೇಲೇ ಕೂರುವುದಕ್ಕೆ ‘ಪ್ಲಗ್ ಮೇಲಿನ ಕಾಯಿಲ್’. ಜಿಎಮ್‌ನ ಎಲ್‌ಎಸ್ ಎಂಜಿನ್ನಿನಲ್ಲೂ ಪ್ಲಗ್ಗಿಗೊಂದು ಕಾಯಿಲ್ ಇದೆ. ಆದರೆ ಅವು ವಾಲ್ವ್ ಕವರಿನ ಮೇಲೆ ಸಾಲಾಗಿ ಕೂತು ಗಿಡ್ಡ ವೈರಿನಲ್ಲಿ ಪ್ಲಗ್ ಮುಟ್ಟುತ್ತವೆ. ಅದಕ್ಕೆ ‘ಪ್ಲಗ್ ಪಕ್ಕದ ಕಾಯಿಲ್’. ಇವೆರಡಕ್ಕೂ ಯಾರದೂ ತಕರಾರು ಇರಲಾರದು ಅಂದುಕೊಂಡಿದ್ದೇನೆ.

ಕಷ್ಟ ಇರುವುದು ಮೂರನೆಯದರಲ್ಲಿ. ‘ವೇಸ್ಟೆಡ್ ಸ್ಪಾರ್ಕ್’ ಅಂತಾರಲ್ಲ, ಅದು. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಈ ಎಂಜಿನ್ನಿನಲ್ಲಿ 1 ಮತ್ತು 4ನೇ ಪಿಸ್ಟನ್ ಒಟ್ಟಿಗೆ ಮೇಲೆ ಬರುತ್ತವೆ, 2 ಮತ್ತು 3 ಒಟ್ಟಿಗೆ. ಉರಿಯುವ ಸರದಿ 1-3-4-2. ಒಂದನೆಯದು ಪೆಟ್ರೋಲು-ಗಾಳಿಯನ್ನು ಒತ್ತಿ ಹಿಡಿದು ಕಿಡಿಗೆ ಕಾಯುತ್ತಿರುವಾಗ ನಾಲ್ಕನೆಯದು ಉರಿದ ಹೊಗೆಯನ್ನು ಆಚೆ ತಳ್ಳಿ ಮುಗಿಸುತ್ತಿರುತ್ತೆ. ಕಾರ್ಖಾನೆಯ ಕಾಯಿಲಿಗೆ ಎರಡು ತುದಿ. ಎರಡಕ್ಕೂ ಒಂದೊಂದು ಪ್ಲಗ್. ಎರಡರಲ್ಲೂ ಒಂದೇ ಹೊತ್ತಿಗೆ ಕಿಡಿ. ಒಂದು ಬೆಂಕಿ ಹಚ್ಚುತ್ತೆ. ಇನ್ನೊಂದು ಹೊಗೆಯ ನಡುವೆ ಹಾರಿ ಸುಮ್ಮನಾಗುತ್ತೆ. ಆ ಎರಡನೆಯದನ್ನೇ ವೇಸ್ಟ್ ಅಂದದ್ದು.

ಆದರೆ ಅದು ನಿಜವಾಗಿ ದಂಡವಾ? ಕರೆಂಟ್ ಕಾಯಿಲಿನ ಒಂದು ತುದಿಯಿಂದ ಹೊರಟು, ಒಂದು ಪ್ಲಗ್ ದಾಟಿ, ಎಂಜಿನ್ನಿನ ಲೋಹದ ಮೂಲಕ ಹೋಗಿ, ಇನ್ನೊಂದು ಪ್ಲಗ್ಗನ್ನು ಹಿಂದುಮುಂದಾಗಿ ದಾಟಿ ವಾಪಸ್ ಬರಬೇಕು. ಎರಡನೇ ಕಿಡಿ ಹಾರದಿದ್ದರೆ ಸುತ್ತು ಪೂರ್ತಿ ಆಗಲ್ಲ. ಹೊಗೆ ತುಂಬಿದ ಕಡೆ ಒತ್ತಡ ಕಡಿಮೆ ಇರುವುದರಿಂದ ಆ ಕಿಡಿಗೆ ಜಾಸ್ತಿ ವೋಲ್ಟೇಜೂ ಬೇಕಿಲ್ಲ. ಹಾಗಾಗಿ ಅದು ದಾರಿ ಕೊಡುವ ಕೆಲಸ ಮಾಡುತ್ತಿದೆ. ‘ವ್ಯರ್ಥ ಕಿಡಿ’ ಅಂದರೆ ಅದಕ್ಕೆ ಅನ್ಯಾಯ.

ಇದರಲ್ಲಿ ಇನ್ನೊಂದು ಮಜಾ ಇದೆ. ಕಾರಿನ ಹಳೆಯ ಕಂಪ್ಯೂಟರ್ ಅಪ್ಪಣೆ ಕೊಡುವುದು ಎರಡೇ ತಂತಿಯಲ್ಲಿ. ಹೊಸದಾಗಿ ನಾಲ್ಕು ಕಾಯಿಲ್ ಹಾಕಿದರೂ 1 ಮತ್ತು 4ನ್ನು ಒಂದು ತಂತಿಗೆ, 2 ಮತ್ತು 3ನ್ನು ಇನ್ನೊಂದಕ್ಕೆ ಕಟ್ಟುತ್ತಾರೆ. ಅಂದರೆ ಕಾಯಿಲ್ ಪ್ಲಗ್ಗಿಗೊಂದು, ಕಿಡಿ ಮಾತ್ರ ಹಳೆಯ ಹಾಗೆ ಜೋಡಿಯಾಗೇ ಹಾರುತ್ತೆ. ಈಗ ಒಂದೊಂದು ಕಾಯಿಲಿಗೂ ವಾಪಸ್ ಬರುವ ದಾರಿ ಅದರದ್ದೇ. ಪಕ್ಕದವನ ಹಂಗಿಲ್ಲ. ಹಾಗಾಗಿ ಎರಡನೇ ಕಿಡಿ ನಿಜವಾಗಿ ದಂಡ ಆಗುವುದು ಈಗ, ಹಳೆಯ ಕಾಯಿಲಿನಲ್ಲಲ್ಲ!

ಅದಕ್ಕೇ ಪದ್ಧತಿಯ ಹೆಸರಿನಲ್ಲಿ ವ್ಯರ್ಥ, ದಂಡ, ಪೋಲು ಯಾವುದೂ ಬೇಡ ಅನ್ನಿಸುತ್ತಿದೆ. ‘ದಂಡ ಕಿಡಿ’ಗೆ ಮತ್ತೊಂದು ಅಡ್ಡಿಯೂ ಇದೆ. ವಿಜ್ಞಾನ ಓದಿದವರಿಗೆ ದಂಡ ಅಂದರೆ ದಂಡಕಾಂತದ ದಂಡ, ಕಂಬಿ. ನನ್ನ ಓಟು ‘ಜೋಡಿ ಕಿಡಿ’ಗೆ. ಮೆಗಾಸ್ಕ್ವರ್ಟ್ ತರಹದ ಬೇರೆ ಕಂಪ್ಯೂಟರ್ ಹಾಕಿ ನಾಲ್ಕಕ್ಕೂ ನಾಲ್ಕು ತಂತಿ ಎಳೆದು, ಬೇಕಾದ ಪ್ಲಗ್ಗಿನಲ್ಲಿ ಮಾತ್ರ ಕಿಡಿ ಹಾರಿಸಿದರೆ ಅದು ‘ಒಂಟಿ ಕಿಡಿ’. ಒಂಟೆತ್ತಿನ ಗಾಡಿ, ಜೋಡೆತ್ತಿನ ಗಾಡಿ ಅಂತೀವಲ್ಲ, ಹಾಗೆ. ತಮ್ಮನಿಗೆ ‘ಸರದಿ ಕಿಡಿ’ ಇಷ್ಟ. ಜೋಡಿಯೂ ಸರದಿಯಲ್ಲೇ ಹಾರುತ್ತಲ್ಲ ಅನ್ನುವುದು ನನ್ನ ವಾದ. ಒಂಟಿ ಅಂದರೆ ಪಾಪ ಅನ್ನಿಸುತ್ತೆ ಅನ್ನುವುದು ಅವನ ವಾದ. ನೀವೇ ತೀರ್ಪು ಕೊಡಿ.

ಈ ವ್ಯತ್ಯಾಸ ಬರೀ ಪದದ್ದಲ್ಲ, ಲೆಕ್ಕವೂ ಬದಲಾಗುತ್ತೆ. ನಿಮಿಷಕ್ಕೆ 6000 ಸುತ್ತು ಅಂದರೆ ಒಂದು ಸುತ್ತಿಗೆ 10 ಮಿಲಿಸೆಕೆಂಡ್. ನಾಲ್ಕಕ್ಕೊಂದು ಕಾಯಿಲ್ ಇದ್ದರೆ ಅದು 5 ಮಿಲಿಸೆಕೆಂಡಿಗೊಮ್ಮೆ ಕಿಡಿ ಕೊಡಬೇಕು. ಜೋಡಿ ಕಿಡಿಯಲ್ಲಿ 10ಕ್ಕೊಮ್ಮೆ. ಒಂಟಿ ಕಿಡಿಯಲ್ಲಿ 20ಕ್ಕೊಮ್ಮೆ. ಕಾಯಿಲ್ ತುಂಬುವುದಕ್ಕೆ ಸುಮಾರು 3 ಮಿಲಿಸೆಕೆಂಡ್ ಸಾಕು. ಅಂದರೆ ಜೋಡಿಯಲ್ಲೂ ಬೇಕಾದಷ್ಟು ಬಿಡುವಿದೆ. ಒಂಟಿ ಕಿಡಿಯಿಂದ ಸಿಗುವುದು ಕಾಯಿಲಿಗೆ ತಂಪು, ಹೆಚ್ಚಿಗೆ ಶಕ್ತಿಯಲ್ಲ. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಮಾಮೂಲಿ ಎಂಜಿನ್ನಿನಲ್ಲಿ ಈ ಬದಲಾವಣೆಯಿಂದ ಕಾರು ಹಾರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾಯಿಲಿನಿಂದ ಪ್ಲಗ್ಗಿಗೆ ಹೋಗುವ, ಕರೆಂಟ್ ಸೋರುವ ಹಳೆ ಹೈ ಟೆನ್ಷನ್ ವೈರುಗಳು ಹೋಗುತ್ತವೆ, ಮಳೆಗಾಲದಲ್ಲಿ ಎಂಜಿನ್ ಮಿಸ್ ಹೊಡೆಯುವುದು ನಿಲ್ಲುತ್ತೆ. ಲಾಭ ಅಷ್ಟು. ಟರ್ಬೊ ಹಾಕಿದವರ ಕತೆ ಬೇರೆ. ಅಲ್ಲಿ ಸಿಲಿಂಡರಿನಲ್ಲಿ ಒತ್ತಡ ಜಾಸ್ತಿ, ಕಿಡಿ ದಾಟುವುದಕ್ಕೆ ವೋಲ್ಟೇಜೂ ಜಾಸ್ತಿ ಬೇಕು.

ಈಗ ಹೇಳಿದ ‘ತುಂಬುವುದು’ ಇದೆಯಲ್ಲ, ಅದು ನನ್ನ ಕೊನೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ಅದಕ್ಕೆ ಡ್ವೆಲ್ ಅಂತಾರೆ. ನಿಘಂಟಿನಲ್ಲಿ ನೋಡಿದರೆ ವಾಸಿಸು, ನೆಲೆಸು. ಕಾಯಿಲಿನಲ್ಲಿ ಯಾರು ಸಂಸಾರ ಹೂಡಿದರು? ನಡೆಯುವುದು ಇಷ್ಟು. ಕಾಯಿಲಿಗೆ ಕರೆಂಟ್ ಬಿಡುತ್ತಾರೆ, ಅದು ನಿಧಾನಕ್ಕೆ ಏರುತ್ತೆ. ಸಾಕಷ್ಟು ಏರಿದಾಗ ಪಟ್ ಅಂತ ಕಡಿಯುತ್ತಾರೆ. ಆ ಕಡಿದ ಗಳಿಗೆಯಲ್ಲೇ ಕಿಡಿ. ಬಿಟ್ಟಾಗಿನಿಂದ ಕಡಿಯುವವರೆಗಿನ ಹೊತ್ತು ಡ್ವೆಲ್. ಕಡಿಮೆಯಾದರೆ ಕಿಡಿ ಸಪ್ಪೆ. ಜಾಸ್ತಿಯಾದರೆ ಕಾಯಿಲ್ ಬಿಸಿಯಾಗಿ ಸುಟ್ಟೇ ಹೋಗುತ್ತೆ. ‘ತುಂಬುವ ಹೊತ್ತು’ ಅಂತ ಬರೆದುಕೊಂಡಿದ್ದೇನೆ.

ತೊಡಕು ಏನಂದರೆ, ಹಳೆಯ ಕಾಲದಲ್ಲಿ ಡ್ವೆಲ್ ಅಂದರೆ ಹೊತ್ತಲ್ಲ, ಕೋನ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯ ಸಿಬಿ ಪಾಯಿಂಟ್ ನೆನಪಿರಬೇಕು ನಿಮಗೆ. ಡಿಸ್ಟ್ರಿಬ್ಯೂಟರಿನೊಳಗೆ ಕಾಯಿಲಿನ ಕರೆಂಟ್ ಬಿಟ್ಟು ಕಡಿಯುತ್ತಿದ್ದ ಸ್ವಿಚ್ಚು ಅದು. ಪಾಯಿಂಟ್ ಮುಚ್ಚಿಕೊಂಡಿರುವಷ್ಟು ಕಾಲ ಕಾಯಿಲ್ ತುಂಬುತ್ತಿತ್ತು. ಅದನ್ನು ಡಿಗ್ರಿಯಲ್ಲಿ ಅಳೆಯುತ್ತಿದ್ದರು. ನಾಲ್ಕು ಸಿಲಿಂಡರಿನ ಡಿಸ್ಟ್ರಿಬ್ಯೂಟರಿನಲ್ಲಿ ಒಂದೊಂದಕ್ಕೆ 90 ಡಿಗ್ರಿ ಪಾಲು. ಅದರಲ್ಲಿ ಪಾಯಿಂಟ್ 60 ಡಿಗ್ರಿ ಮುಚ್ಚಿರುತ್ತೆ ಅಂತ ಇಟ್ಟುಕೊಳ್ಳಿ. ಎಂಜಿನ್ 1000 ಸುತ್ತಿನಲ್ಲಿದ್ದಾಗ ಆ 60 ಡಿಗ್ರಿ ಅಂದರೆ 20 ಮಿಲಿಸೆಕೆಂಡ್. 6000ಕ್ಕೆ ಹೋದರೆ ಅದೇ 60 ಡಿಗ್ರಿ ಮೂರು ಚಿಲ್ಲರೆ ಮಿಲಿಸೆಕೆಂಡಿಗೆ ಇಳಿಯುತ್ತೆ. ಕೋನ ಕದಲದೆ ಹೊತ್ತು ಕರಗುತ್ತಿತ್ತು. ಈಗ ಕಂಪ್ಯೂಟರ್ ಹೊತ್ತನ್ನು ಹಿಡಿದಿಟ್ಟು ಕೋನವನ್ನು ಬದಲಿಸುತ್ತೆ. ಹೀಗಿರುವಾಗ ‘ತುಂಬುವ ಹೊತ್ತು’ ಅಂತ ಬರೆದರೆ ಹಳೆಯ ಡ್ವೆಲ್ ಮೀಟರಿನ ಮಾತು ಬಂದಾಗ ‘60 ಡಿಗ್ರಿ ಹೊತ್ತು’ ಅನ್ನಬೇಕಾಗುತ್ತೆ. ಅದು ಆಭಾಸ. ಎರಡಕ್ಕೂ ಹೊಂದುವಂತೆ ಬರೀ ‘ತುಂಬಿಕೆ’ ಅಂದರೆ ನಡೆಯುತ್ತಾ? 60 ಡಿಗ್ರಿ ತುಂಬಿಕೆ, 3 ಮಿಲಿಸೆಕೆಂಡ್ ತುಂಬಿಕೆ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಮೆಕ್ಯಾನಿಕ್‌ಗಳಿದ್ದರೆ ದಯವಿಟ್ಟು ಕೇಳಿ ಹೇಳಿ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಪಾಯಿಂಟ್ ಗ್ಯಾಪ್ ಹೊಂದಿಸುವಾಗ ಅವರು ‘ಗ್ಯಾಪ್’ ಅಂತಷ್ಟೇ ಅನ್ನುತ್ತಿದ್ದರಾ, ಮುಚ್ಚಿರುವ ಹೊತ್ತಿಗೂ ಒಂದು ಹೆಸರು ಇತ್ತಾ? ಗ್ಯಾಪ್ ಹೆಚ್ಚಿದರೆ ಡ್ವೆಲ್ ಇಳಿಯುತ್ತೆ. ಹಾಗಾಗಿ ಒಂದೇ ಪದದಲ್ಲಿ ಎರಡೂ ಕೆಲಸ ಮುಗಿಸಿದ್ದರೂ ಆಶ್ಚರ್ಯವಿಲ್ಲ.

ಹಾಂ, ಕ್ರಿಯಾಪದದ ಬಗ್ಗೆಯೂ ಒಂದು ಮಾತು. ‘ಕಿಡಿ ಹಾರುತ್ತೆ’ ಅಂತಲೇ ಎಲ್ಲ ಕಡೆ ಬರೆದಿದ್ದೇನೆ. ‘ಕಿಡಿ ಕಾರುತ್ತೆ’ ಅಂದರೆ ಕಾಯಿಲಿಗೆ ಸಿಟ್ಟು ಬಂದ ಹಾಗಾಗುತ್ತೆ. ‘ಹೊಡೆಯುತ್ತೆ’ ಅಂದರೆ ‘ಮಿಸ್ ಹೊಡೆಯುತ್ತೆ’ ಜೊತೆ ಗೊಂದಲ. ಬೇರೆ ಏನಾದರೂ ಹೊಳೆದರೆ ತಿಳಿಸಿ. ಟಿಪ್ಪಣಿಯ ಚಿತ್ರದಲ್ಲಿ ಕಾಯಿಲ್‌ಗಳ ಪಕ್ಕ ಜಾಗ ತುಂಬಾ ಕಡಿಮೆ ಇದೆ. ಎರಡು ಮೂರು ಅಕ್ಷರದ ಪದ ಆದರೆ ಒಳ್ಳೆಯದು.