ಸಿಂಗ್ಲೆಟ್-ಟ್ರಿಪ್ಲೆಟ್ ಕ್ಯೂಬಿಟ್: 1 ಸೆಕೆಂಡ್ ಇಟ್ಟು ತೆಗೆದರೆ ಫೇಸ್ ತಿರುಗಿರುತ್ತದೆ, ಯಾಕೆ?

ಪ್ರಶ್ನೆ:
ದ್ರವದ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳ ಸ್ಪಿನ್ ಅಳೆಯುವ) ಪ್ರಯೋಗ. ಅಣುವಿನಲ್ಲಿ ಒಂದಕ್ಕೊಂದು ಜೋಡಿಯಾದ ಎರಡು ಪ್ರೋಟಾನ್. ಜೆ (ಇಬ್ಬರ ನಡುವಿನ ಜೋಡಣೆಯ ಬಲ) 17 ಹರ್ಟ್ಸ್, ಇಬ್ಬರ ಶಿಫ್ಟ್ (ಸ್ವಂತ ಆವರ್ತನ) ವ್ಯತ್ಯಾಸ 3 ಹರ್ಟ್ಸ್. ಸಿಂಗ್ಲೆಟ್ (ಎರಡರ ಒಟ್ಟು ಸ್ಪಿನ್ ಸೊನ್ನೆಯಾದ ಸ್ಥಿತಿ) ಮತ್ತು ಟಿ-ಸೊನ್ನೆ (ಒಟ್ಟು ಸ್ಪಿನ್ 1 ಇರುವ ಮೂರು ಟ್ರಿಪ್ಲೆಟ್ ಸ್ಥಿತಿಗಳಲ್ಲಿ ನಡುವಿನದು) ಬೆರೆಸಿ ಕ್ಯೂಬಿಟ್ (ಕ್ವಾಂಟಮ್ ಬಿಟ್) ಇಡುತ್ತಿದ್ದೇನೆ. ಬೇಕಂತಲೇ 1 ಸೆಕೆಂಡ್ ಆರಿಸಿಕೊಂಡೆ: ಸರಿಯಾಗಿ 17 ಸುತ್ತು ಮುಗಿದು ಫೇಸ್ (ಬೆರೆತ ಎರಡು ಸ್ಥಿತಿಗಳ ನಡುವಿನ ಕೋನ) ಶುರುವಿನ ಜಾಗಕ್ಕೇ ಬರಬೇಕು. ಬರುವುದಿಲ್ಲ! ಸುಮಾರು 90 ಡಿಗ್ರಿ ಆಚೆ ಇರುತ್ತದೆ. ರೇಡಿಯೋ ಪಲ್ಸ್ ಎರಡು ಸಲ ಅಳೆದೆ, ಸರಿ ಇದೆ.

ಉತ್ತರ 1:
ದ್ರಾವಣದಲ್ಲಿ ಕರಗಿ ಸ್ಪಿನ್‌ಗಳನ್ನು ಕೆಡಿಸುವ ಆಮ್ಲಜನಕ ತೆಗೆದಿದ್ದೀರಾ? ಸುಮ್ನೆ ಗ್ಯಾಸ್ ಗುಳ್ಳೆ ಬಿಟ್ಟರೆ ಸಾಲದು. ಹೆಪ್ಪುಗಟ್ಟಿಸಿ, ಪಂಪ್ ಮಾಡಿ, ಕರಗಿಸಿ, ಮೂರ್ನಾಲ್ಕು ಸಲ ಮಾಡಬೇಕು. ಜೊತೆಗೆ ಸ್ಪಿನ್ ಲಾಕ್ (ಕಾಯುವಷ್ಟು ಹೊತ್ತೂ ಬಿಡದೆ ರೇಡಿಯೋ ಅಲೆ ಹಾಯಿಸುವುದು) ಹಾಕಿ ನೋಡಿ.

ಕೇಳಿದವರು:
ತೆಗೆದಿದ್ದೇನೆ. ಲಾಕ್ ಹಾಕಿದರೆ ಸಿಗ್ನಲ್ಲೇ ಹಾಳಾಯಿತು.

ಉತ್ತರ 2:
ಹಾಳಾಗಲೇಬೇಕು. ಲಾಕ್ ಕಾಯುವುದು ಸಿಂಗ್ಲೆಟ್ಟನ್ನು ಮಾತ್ರ. ಟಿ-ಸೊನ್ನೆಗೆ ಮಲತಾಯಿ ಧೋರಣೆ: ಅದನ್ನು ಉಳಿದೆರಡು ಟ್ರಿಪ್ಲೆಟ್‌ಗಳ ಜೊತೆ ಕಲಸಿಬಿಡುತ್ತದೆ. ಸಿಂಗ್ಲೆಟ್ ಜನಸಂಖ್ಯೆ (ಆ ಸ್ಥಿತಿಯಲ್ಲಿರುವ ಅಣುಗಳ ಪಾಲು) ಮಾತ್ರ ಇಡುವವರಿಗೆ ಲಾಕ್ ಒಳ್ಳೆಯದು. ನಿಮಗೆ ಫೇಸ್ ಬೇಕು, ಆದ್ದರಿಂದ ತೆಗೆದುಬಿಡಿ.

ಈಗ ನಿಮ್ಮ 90 ಡಿಗ್ರಿ. ಲಾಕ್ ಇಲ್ಲದಾಗ ಫೇಸ್ ತಿರುಗುವುದು ಜೆ ವೇಗದಲ್ಲಲ್ಲ. ಜೆ ವರ್ಗಕ್ಕೆ ವ್ಯತ್ಯಾಸದ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ: 289 ಮತ್ತು 9, ಒಟ್ಟು 298, ಮೂಲ 17.26. ಅಂದರೆ 1 ಸೆಕೆಂಡಿಗೆ 0.26 ಸುತ್ತು ಜಾಸ್ತಿ, ಸುಮಾರು 95 ಡಿಗ್ರಿ. ನಿಮ್ಮ ಪಲ್ಸ್ ಪಾಪ, ಏನೂ ಮಾಡಿಲ್ಲ. 17 ಸುತ್ತಿಗೆ ಬೇಕಿರುವುದು 985 ಮಿಲಿಸೆಕೆಂಡ್.

ಇನ್ನೊಂದು ಮಾತು. ಎರಡೂ ಸ್ಥಿತಿಗಳ ಒಟ್ಟು ಕಾಂತೀಯ ಸಂಖ್ಯೆ (ಕ್ಷೇತ್ರದ ದಿಕ್ಕಿನಲ್ಲಿ ಸ್ಪಿನ್‌ನ ಪಾಲು) ಸೊನ್ನೆ. ಹಾಗಾಗಿ ಇಬ್ಬರಿಗೂ ಸಮನಾಗಿ ತಾಗುವ ಕ್ಷೇತ್ರದ ಏರಿಳಿತಕ್ಕೆ ಈ ಜೋಡಿ ಬಗ್ಗುವುದಿಲ್ಲ. ಆದರೆ ಸಿಂಗ್ಲೆಟ್‌ನ ದೀರ್ಘಾಯುಷ್ಯ ನಿಮ್ಮ ಕ್ಯೂಬಿಟ್ಟಿಗೂ ಸಿಗುತ್ತದೆ ಅಂದುಕೊಳ್ಳಬೇಡಿ. ಇಬ್ಬರ ನಡುವಿನ ದ್ವಿಧ್ರುವ (ಪುಟ್ಟ ಅಯಸ್ಕಾಂತಗಳ ನಡುವಿನಂಥ) ಸೆಳೆತ ಟಿ-ಸೊನ್ನೆಯನ್ನು ಬಿಡುವುದಿಲ್ಲ. ಅದು ಸತ್ತರೆ ಫೇಸೂ ಸತ್ತ ಹಾಗೆ, ಅಲ್ವಾ?

ಕೇಳಿದವರು:
985 ಹಾಕಿದೆ, ಕೂತಿತು! ಬೆಳಗ್ಗೆ ಸಂಜೆಗೆ ಐದಾರು ಡಿಗ್ರಿ ಆಚೀಚೆ ಆಗುತ್ತದೆ, ಅಷ್ಟೇ.

ಉತ್ತರ 2:
ಉಷ್ಣತೆ ನೋಡಿ. ಶಿಫ್ಟ್ ವ್ಯತ್ಯಾಸ 0.1 ಹರ್ಟ್ಸ್ ಜಾರಿದರೆ ಆರು ಡಿಗ್ರಿ ಹೋಗುತ್ತದೆ. ಪ್ರತಿ ಸರದಿಗೆ ಮೊದಲು ಒಂದು ಸಾದಾ ಸ್ಪೆಕ್ಟ್ರಮ್ ತೆಗೆದು ವ್ಯತ್ಯಾಸ ಅಳೆದು, ಆಮೇಲೆ ಸಮಯ ಲೆಕ್ಕ ಹಾಕಿ.