1984ರ ಟಿ25 ಕ್ಯಾಂಪರ್ ವ್ಯಾನ್: ಕೂಲಂಟ್ ಪೈಪ್ ಮೊದಲೋ, ಪೆಟ್ರೋಲ್ ಹೋಸ್ ಮೊದಲೋ?

ಶಿವಮೊಗ್ಗ_ಬ್ರಿಸ್ಟಲ್:

ಎಲ್ಲರಿಗೂ ನಮಸ್ಕಾರ. ನಮ್ಮ ಹತ್ತಿರ 1984ರ ಫೋಕ್ಸ್‌ವ್ಯಾಗನ್ ಟಿ25 ಇದೆ. 1.9 ಲೀಟರ್ ಪೆಟ್ರೋಲ್, ಡಿಜಿ ಅನ್ನೋ ಕೋಡಿನ ಇಂಜಿನ್, ಕಾರ್ಬುರೇಟರ್ ಇರುವುದು. ಬೇಸಿಗೆಯಲ್ಲಿ ಅಪ್ಪ ಅಮ್ಮ ಊರಿಂದ ಬರುತ್ತಾರೆ. ಅವರನ್ನು ಇದರಲ್ಲೇ ಸ್ಕಾಟ್ಲೆಂಡ್ ಸುತ್ತಿಸಬೇಕು ಅಂತ ಆಸೆ.

ಈಗ ಎರಡು ತೊಂದರೆ ಒಟ್ಟಿಗೆ ಬಂದಿವೆ. ಒಂದು, ವ್ಯಾನಿನ ನಡುಭಾಗದ ಕೆಳಗೆ ನೀಲಿ ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಹನಿ ಬೀಳುತ್ತಿದೆ. ಕೆಳಗೆ ಮಲಗಿ ನೋಡಿದೆ. ಮುಂದಿನ ರೇಡಿಯೇಟರಿಗೆ ಹೋಗುವ ಉದ್ದದ ಉಕ್ಕಿನ ಪೈಪಿನಲ್ಲಿ ತುಕ್ಕು ಪದರ ಪದರವಾಗಿ ಎದ್ದಿದೆ. ಎರಡು, ಟ್ಯಾಂಕ್ ಫುಲ್ ಮಾಡಿಸಿದ ದಿನ ಒಳಗೆಲ್ಲ ಪೆಟ್ರೋಲ್ ವಾಸನೆ. ಹಿಂದೆ ಇಂಜಿನ್ ಹತ್ತಿರ ಬಟ್ಟೆ ಸುತ್ತಿದ ಹಳೇ ಹೋಸ್‌ಗಳಿವೆ. ಅವು ಗಟ್ಟಿಯಾಗಿಬಿಟ್ಟಿವೆ.

ಹತ್ತಿರದ ಗ್ಯಾರೇಜಿನವರು, "ಪೈಪಿನಲ್ಲಿ ತುಕ್ಕು ಹಿಡಿದಷ್ಟು ಕತ್ತರಿಸಿ, ಮಧ್ಯೆ ರಬ್ಬರ್ ಹೋಸ್ ಹಾಕಿ ಎರಡು ಕ್ಲಿಪ್ ಬಿಗಿದರೆ ಸಾಕು" ಅಂದರು. ಎರಡೂ ಕೆಲಸ ಒಂದೇ ತಿಂಗಳಲ್ಲಿ ಮಾಡಿಸುವಷ್ಟು ದುಡ್ಡಿಲ್ಲ. ಯಾವುದನ್ನು ಮೊದಲು ಮಾಡಿಸಲಿ? ನನಗೆ ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ, ಬ್ರೇಕ್ ಪ್ಯಾಡ್ ನಾನೇ ಬದಲಿಸುತ್ತೇನೆ. ಇದನ್ನೂ ಮನೆಯಲ್ಲೇ ಮಾಡಬಹುದಾ?

ಕವೆಂಟ್ರಿ_ಮೇಷ್ಟ್ರು:

ಪೆಟ್ರೋಲ್ ಹೋಸ್ ಮೊದಲು. ಇದರಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ. ಅದು ಮುಗಿಯುವ ತನಕ ದಯವಿಟ್ಟು ವ್ಯಾನ್ ಸ್ಟಾರ್ಟ್ ಮಾಡಬೇಡಿ, ಅಂಗಡಿಗೆ ಹೋಗಿ ಬರೋಕೂ ಬೇಡ.

ಯಾಕೆ ಅಂದರೆ, ಕೂಲಂಟ್ ಪೈಪ್ ಒಡೆದರೆ ಇಂಜಿನ್ ಬಿಸಿಯಾಗುತ್ತದೆ, ಗಾಡಿ ನಿಲ್ಲಿಸುತ್ತೀರಿ, ಖರ್ಚು ಬರುತ್ತದೆ. ಪೆಟ್ರೋಲ್ ಹೋಸ್ ಬಿಟ್ಟರೆ ಬೆಂಕಿ. ಟಿ25ರಲ್ಲಿ ಇಂಜಿನ್ ಹಿಂದೆ, ನೀವು ಮುಂದೆ. ಹೊಗೆ ಕನ್ನಡಿಯಲ್ಲಿ ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಎಂ6 ಹೆದ್ದಾರಿ ಬದಿಯಲ್ಲಿ ಇಂಥದೇ ಒಂದು ವ್ಯಾನ್ ಉರಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮನೆಯವರು ರಸ್ತೆ ಬದಿಯ ಹುಲ್ಲಿನ ಮೇಲೆ ನಿಂತಿದ್ದರು, ಯಾರಿಗೂ ಏನೂ ಆಗಿರಲಿಲ್ಲ. ನಿಮ್ಮ ವ್ಯಾನಿನಲ್ಲಿ ಗ್ಯಾಸ್ ಸಿಲಿಂಡರ್ ಬೇರೆ ಇರುತ್ತದೆ, ಅಪ್ಪ ಅಮ್ಮ ಹಿಂದಿನ ಸೀಟಿನಲ್ಲಿ ಕೂತಿರುತ್ತಾರೆ.

ನಿಮ್ಮ ಹೋಸ್ ಯಾವ ಸ್ಥಿತಿಯಲ್ಲಿದೆ ಅಂತ ತಿಳಿಯೋದು ಸುಲಭ. ಇಂಜಿನ್ ಪೂರ್ತಿ ತಣ್ಣಗಿರುವಾಗ ಒಂದು ಹೋಸನ್ನು ಎರಡು ಬೆರಳಲ್ಲಿ ಹಿಡಿದು ನಿಧಾನಕ್ಕೆ ಬಗ್ಗಿಸಿ. ಒಳ್ಳೇ ರಬ್ಬರ್ ಬಗ್ಗಿ ವಾಪಸ್ ಬರುತ್ತದೆ. ಹಳೇದು ಬಗ್ಗುವುದೇ ಇಲ್ಲ, ಬಗ್ಗಿದರೂ ಕ್ಲಿಪ್ಪಿನ ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು ಬಾಯಿ ಬಿಡುತ್ತವೆ. ಬಟ್ಟೆ ಸುತ್ತಿದ ಹೋಸಿನಲ್ಲಿ ಈ ಬಿರುಕು ಹೊರಗಿಂದ ಕಾಣುವುದಿಲ್ಲ, ಅದೇ ಅದರ ಅಪಾಯ. ಬಿಚ್ಚಿದ ಮೇಲೆ ಉದ್ದಕ್ಕೆ ಸೀಳಿ ಒಳಗೆ ಬೆರಳಾಡಿಸಿ ನೋಡಿ. ಕರೀ ಮಸಿ ಬೆರಳಿಗೆ ಹತ್ತಿದರೆ ಒಳಪದರ ಕರಗುತ್ತಿದೆ ಅಂತ ಅರ್ಥ. ಆ ಮಸಿಯೇ ಕಾರ್ಬುರೇಟರ್ ಜೆಟ್‌ಗೆ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ, ಹೋಗಿ ಕೂರೋದು.

ಇದಕ್ಕೆ ವಯಸ್ಸಿನ ಜೊತೆ ಎಥೆನಾಲೂ ಕಾರಣ. ಇಲ್ಲಿ ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲ್ ಇ10 ಆಗಿದೆ, ಅಂದರೆ ಎಥೆನಾಲ್ ಶೇ. 10ರ ತನಕ ಇರಬಹುದು. 1984ರ ರಬ್ಬರ್ ಇದನ್ನು ನೆನೆಸಿ ಮಾಡಿದ್ದಲ್ಲ. ಸೂಪರ್ ಪೆಟ್ರೋಲ್ ಇನ್ನೂ ಇ5 ಅಂತಲೇ ಸಿಗುತ್ತದೆ. ಹಳೇ ಗಾಡಿಗೆ ಅದನ್ನೇ ಹಾಕಿಸಿ. ಆದರೆ ಅದರಲ್ಲೂ ಶೇ. 5ರ ತನಕ ಇರಬಹುದು, ಹಾಗಾಗಿ ಸೂಪರ್ ಹಾಕಿಸುತ್ತೇನೆ ಅಂತ ಹಳೇ ಹೋಸ್ ಬಿಡೋ ಹಾಗಿಲ್ಲ.

ಹೊಸ ಹೋಸ್ ಕೊಳ್ಳುವಾಗ ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರಬೇಕು. ಅದರ ಒಳಪದರ ಬೇರೆ ಜಾತಿಯದು, ಎಥೆನಾಲ್ ತಡೆಯುತ್ತದೆ. ಆರ್6 ಅಗ್ಗಕ್ಕೆ ಸಿಗುತ್ತದೆ, ಬೇಡ. ಆನ್‌ಲೈನಿನಲ್ಲಿ ಕಂಪನಿ ಹೆಸರೇ ಇಲ್ಲದ, ಬರೀ ಆರ್9 ಅಂತ ಬರೆದ ಹೋಸ್ ಮಾರುತ್ತಾರೆ. ವರ್ಷ ತುಂಬುವ ಮೊದಲೇ ಬಿರುಕು ಬಿಟ್ಟದ್ದು ನನ್ನ ಕೈಗೇ ಬಂದಿದೆ. ತಯಾರಿಸಿದವರ ಹೆಸರು, ದಿನಾಂಕ ಎರಡೂ ಮೈಮೇಲಿದ್ದರೆ ಮಾತ್ರ ತಗೊಳ್ಳಿ. ಅಳತೆ ಎಲ್ಲಾ ಕಡೆ ಒಂದೇ ಇರುವುದಿಲ್ಲ, ಹೋಸ್ ಕೂರುವ ಪ್ರತಿ ಮೂತಿಯನ್ನೂ ಕ್ಯಾಲಿಪರ್ ಹಿಡಿದು ಅಳೆಯಿರಿ. ಸಡಿಲ ಹೋಸನ್ನು ಕ್ಲಿಪ್ಪಿನಲ್ಲಿ ಹಿಚುಕಿ ಕೂರಿಸುವ ಕೆಲಸ ಬೇಡವೇ ಬೇಡ. ಕ್ಲಿಪ್ ಕೂಡ ಅಂಚು ಮಡಚಿದ, ಪೆಟ್ರೋಲ್ ಹೋಸಿಗೆ ಅಂತಲೇ ಬರುವಂಥದ್ದು ಬೇಕು. ಹಲ್ಲು ಕೊರೆದ ಮಾಮೂಲಿ ಕ್ಲಿಪ್ ಸಣ್ಣ ಹೋಸನ್ನು ಕತ್ತರಿಸಿಬಿಡುತ್ತದೆ.

ಫುಲ್ ಟ್ಯಾಂಕ್ ಮಾಡಿದಾಗ ಮಾತ್ರ ವಾಸನೆ ಬರೋದು ಬಹುಶಃ ಬೇರೆ ಜಾಗದಿಂದ. ಟ್ಯಾಂಕಿನ ತಲೆ ಮೇಲೆ ಗಾಳಿ ಆಡುವ ಪೈಪುಗಳಿವೆ, ಅವು ಟ್ಯಾಂಕಿಗೆ ಸೇರುವಲ್ಲಿ ರಬ್ಬರ್ ಬಿರಡೆ ಇರುತ್ತದೆ. ಅದು ಸತ್ತಿರುತ್ತದೆ. ಮಟ್ಟ ಮೇಲೆ ಬಂದಾಗ ಅಲ್ಲಿಂದ ಒಸರುತ್ತದೆ. ಅದನ್ನು ಮುಟ್ಟಬೇಕು ಅಂದರೆ ಟ್ಯಾಂಕ್ ಇಳಿಸಲೇಬೇಕು.

ಮನೆಯಲ್ಲಿ ಮಾಡಬಹುದು, ಆದರೆ ಬಯಲಲ್ಲಿ ಮಾಡಿ. ನೆಲದಲ್ಲಿ ಪಿಟ್ (ಗುಂಡಿ) ಇರುವ ಗ್ಯಾರೇಜಿನಲ್ಲಿ ಖಂಡಿತ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಹೋಗಿ ಕೂರುತ್ತದೆ. ಮೊದಲು ಬ್ಯಾಟರಿ ಬಿಚ್ಚಿ. ಟ್ಯಾಂಕ್ ಸುಮಾರು 60 ಲೀಟರಿನದು. ಇಲ್ಲಿನ ಕಾನೂನಿನ ಪ್ರಕಾರ ಯಾರಿಗೂ ತಿಳಿಸದೆ ಮನೆಯಲ್ಲಿ 30 ಲೀಟರ್ ತನಕ ಮಾತ್ರ ಇಟ್ಟುಕೊಳ್ಳಬಹುದು. ಅದೂ ಪ್ಲಾಸ್ಟಿಕ್ ಕ್ಯಾನಾದರೆ 10 ಲೀಟರಿನದು, ಲೋಹದ್ದಾದರೆ 20 ಲೀಟರಿನದು. ಟ್ಯಾಂಕಿನಲ್ಲಿ ಅದಕ್ಕಿಂತ ಜಾಸ್ತಿ ಇದ್ದರೆ ಮನೆಗೇ ಬರುವ ಮೊಬೈಲ್ ಮೆಕ್ಯಾನಿಕ್ ಕರೆಸಿ ತೆಗೆಸಿ.

ಹಾಸನ_ಲೀಡ್ಸ್:

ಮೇಷ್ಟ್ರು ಹೇಳಿದ್ದಕ್ಕೆ ನನ್ನದೂ ಒಂದು ಓಟು. ಕೂಲಂಟ್ ಪೈಪ್ ಬಗ್ಗೆ ನಾನು ಹೇಳುತ್ತೇನೆ, ನಮ್ಮ ವ್ಯಾನಿನಲ್ಲಿ ಅದನ್ನು ಪೂರ್ತಿ ಬದಲಿಸಿದ್ದೇವೆ.

ಮಧ್ಯೆ ಕತ್ತರಿಸಿ ರಬ್ಬರ್ ಸೇರಿಸೋದು ಬೇಡ. ಪೈಪಿನ ತುದಿಯಲ್ಲಿ ಉಬ್ಬಿದ ಒಂದು ಏಣು ಇರುತ್ತದಲ್ವಾ, ಹೋಸ್ ಜಾರದ ಹಾಗೆ ಹಿಡಿಯೋದು ಅದೇ. ಮಧ್ಯೆ ಕತ್ತರಿಸಿದರೆ ಆ ಏಣು ಇರುವುದಿಲ್ಲ, ಬಿಸಿಯಾಗಿ ಒತ್ತಡ ಏರಿದಾಗ ಹೋಸ್ ಜಾರಿ ಬರುತ್ತದೆ. ಅಲ್ಲದೆ ಒಂದು ಕಡೆ ಅಷ್ಟು ತುಕ್ಕು ಹಿಡಿದಿದ್ದರೆ ಉಳಿದ ಕಡೆ ಒಳಗಿಂದಲೂ ತಿಂದಿರುತ್ತದೆ.

ಪೂರ್ತಿ ಸ್ಟೇನ್‌ಲೆಸ್ ಸ್ಟೀಲ್ ಸೆಟ್ ಸಿಗುತ್ತದೆ, ಟಿ25 ಸಾಮಾನು ಮಾತ್ರ ಮಾರುವ ಅಂಗಡಿಗಳಲ್ಲಿ ಕೇಳಿ. ಆಮೇಲಿನ ವರ್ಷದ ವ್ಯಾನುಗಳಿಗೆ ಪ್ಲಾಸ್ಟಿಕ್ ಪೈಪ್ ಬರುತ್ತಿತ್ತು. ಯಾರಾದರೂ ಹಳೇ ಪ್ಲಾಸ್ಟಿಕ್ ಸೆಟ್ ಅಗ್ಗಕ್ಕೆ ಕೊಡುತ್ತೇನೆ ಅಂದರೆ ತಗೋಬೇಡಿ. ಅದರ ತುದಿಯಲ್ಲಿರುವ ಲೋಹದ ಬಳೆ ತುಕ್ಕು ಹಿಡಿದು ಸಡಿಲವಾಗಿ, ತುದಿ ಸಮೇತ ಹೋಸ್ ಕಿತ್ತು ಬರುತ್ತದೆ. ಹೊಸ ಸ್ಟೇನ್‌ಲೆಸ್ ಪೈಪ್ ಹಾಕುವಾಗ, ಅದನ್ನು ಹಿಡಿಯುವ ಮಾಮೂಲಿ ಉಕ್ಕಿನ ಬ್ರಾಕೆಟ್‌ಗೂ ಅದಕ್ಕೂ ಮಧ್ಯೆ ರಬ್ಬರ್ ತುಂಡು ಇಡಿ. ನೇರ ತಾಗಿದರೆ ಬ್ರಾಕೆಟ್ ಬೇಗ ತುಕ್ಕು ಹಿಡಿಯುತ್ತದೆ.

ಒಂದು ಎಚ್ಚರಿಕೆ. ಬಣ್ಣ ಬಣ್ಣದ ಸಿಲಿಕಾನ್ ಹೋಸ್ ಕೂಲಂಟಿಗೆ ಓಕೆ. ಉಳಿದ ತುಂಡನ್ನು ಪೆಟ್ರೋಲ್ ಕಡೆ ಯಾವತ್ತೂ ಹಾಕಬೇಡಿ, ಪೆಟ್ರೋಲಿಗೆ ಸಿಲಿಕಾನ್ ತಡೆಯೋದಿಲ್ಲ.

ಶಿವಮೊಗ್ಗ_ಬ್ರಿಸ್ಟಲ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ವ್ಯಾನ್ ನಿಲ್ಲಿಸಿದ್ದೇನೆ. ಒಂದು ಹೋಸ್ ಬಗ್ಗಿಸಿ ನೋಡಿದೆ. ಕ್ಲಿಪ್ಪಿನ ಪಕ್ಕದಲ್ಲೇ ಬಾಯಿ ಬಿಟ್ಟಿತು, ಬೆರಳೆಲ್ಲ ಕಪ್ಪು. ಟ್ಯಾಂಕಿನಲ್ಲಿ 20 ಲೀಟರಿಗಿಂತ ಕಮ್ಮಿ ಇದೆ, ಕ್ಯಾನ್ ತಂದಿದ್ದೇನೆ. ಆರ್9 ಹೋಸ್, ಬಿರಡೆ, ಫಿಲ್ಟರ್ ಎಲ್ಲ ಆರ್ಡರ್ ಆಯಿತು.

ಟ್ಯಾಂಕ್ ಇಳಿಸುತ್ತೇನೆ ಅಂದ ಮೇಲೆ ಕೂಲಂಟ್ ಪೈಪನ್ನೂ ಆಗಲೇ ಹಾಕಿಬಿಡೋಣ ಅನ್ನಿಸುತ್ತಿದೆ. ಅಣ್ಣ ಸ್ವಲ್ಪ ದುಡ್ಡು ಕೊಡುತ್ತೇನೆ ಅಂದಿದ್ದಾನೆ. ಆದರೆ ಕೂಲಂಟ್ ತುಂಬಿದಾಗ ಪೈಪುಗಳಲ್ಲಿ ಸಿಕ್ಕ ಗಾಳಿ ತೆಗೆಯೋದು ದೊಡ್ಡ ತಲೆನೋವು ಅಂತಾರೆ. ಯಾವ ಕೂಲಂಟ್ ಹಾಕಲಿ, ಹೇಗೆ ತುಂಬಲಿ?

ಕವೆಂಟ್ರಿ_ಮೇಷ್ಟ್ರು:

ಒಳ್ಳೇ ನಿರ್ಧಾರ. ಟ್ಯಾಂಕ್ ಕೆಳಗಿದ್ದರೆ ಮುಂಭಾಗದಲ್ಲಿ ಪೈಪ್ ತೂರಿಸಲು ಕೈಗೆ ಜಾಗ ಸಿಗುತ್ತದೆ.

ಕೂಲಂಟ್ ವಿಷಯದಲ್ಲಿ ಜಿಪುಣತನ ಬೇಡ. ನಿಮ್ಮ ಇಂಜಿನ್ನಿನ ಹೆಡ್ (ಸಿಲಿಂಡರ್ ಮುಚ್ಚುವ ಭಾಗ) ಅಲ್ಯೂಮಿನಿಯಂ, ಅದು ಸಂದು ಮುಚ್ಚುವ ಉದ್ದದ ರಬ್ಬರ್ ಗ್ಯಾಸ್ಕೆಟ್ ಮೇಲೆ ಕೂತಿರುತ್ತದೆ. ಬರೀ ನಲ್ಲಿ ನೀರು ತುಂಬಿ ಓಡಿಸಿದರೆ ಹೆಡ್ಡಿನ ಆ ಮುಖ ಗುಳಿ ಗುಳಿಯಾಗಿ ಕೊರೆದುಹೋಗುತ್ತದೆ, ಆಮೇಲೆ ಗ್ಯಾಸ್ಕೆಟ್ ಎಷ್ಟು ಸಲ ಬದಲಿಸಿದರೂ ಸೋರಿಕೆ ನಿಲ್ಲದು. ಈ ಇಂಜಿನ್ನುಗಳು ಸಾಯೋದೇ ಹೀಗೆ. ಫಾಸ್ಫೇಟ್ ಇಲ್ಲದ ಜಿ11 ಅನ್ನೋ ನೀಲಿ ಕೂಲಂಟ್, ಇಲ್ಲವೇ ಜಿ12 ಪ್ಲಸ್ ಪ್ಲಸ್ ಹಾಕಿ. ಹಳೇ ಕೆಂಪು ಜಿ12 ಮಾತ್ರ ನೀಲಿಯ ಜೊತೆ ಬೆರೆಸಬೇಡಿ, ಕಂದು ಬಣ್ಣದ ಕೆಸರಾಗುತ್ತದೆ. ಅರ್ಧ ಕೂಲಂಟ್, ಅರ್ಧ ಡಿಅಯೊನೈಸ್ಡ್ ನೀರು. ಒಟ್ಟು 16–17 ಲೀಟರ್ ಹಿಡಿಯುತ್ತದೆ, ಅದಕ್ಕೆ ತಕ್ಕ ಹಾಗೆ ತಂದಿಟ್ಟುಕೊಳ್ಳಿ. ಬಸಿದ ಹಳೇದನ್ನು ತೆರೆದ ಬಕೆಟ್ಟಿನಲ್ಲಿ ಬಿಡಬೇಡಿ. ಸಿಹಿ ಇರುತ್ತದೆ, ನಾಯಿ ಬೆಕ್ಕು ಕುಡಿದು ಸಾಯುತ್ತವೆ. ಮುಚ್ಚಿದ ಕ್ಯಾನಿನಲ್ಲಿ ಕೌನ್ಸಿಲ್ ರೀಸೈಕ್ಲಿಂಗ್ ಸೆಂಟರಿಗೆ ಕೊಡಿ.

ಗಾಳಿ ತೆಗೆಯೋದಕ್ಕೆ ತಾಳ್ಮೆ ಇದ್ದರೆ ಸಾಕು. ಹಿಂದಿನ ಚಕ್ರಕ್ಕೆ ಅಡ್ಡ ಇಟ್ಟು, ವ್ಯಾನಿನ ಮುಂಭಾಗವನ್ನು ಸುಮಾರು 40 ಸೆಂಟಿಮೀಟರ್ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಗಾಳಿ ರೇಡಿಯೇಟರಿನ ತಲೆಗೆ ಹೋಗಿ ಸೇರಲಿ ಅಂತ ಇದು. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಮುಂದಿನ ಮೇಲ್ಗ್ರಿಲ್ ತೆಗೆದರೆ ರೇಡಿಯೇಟರಿನ ತುದಿಯಲ್ಲಿ ಒಂದು ಸ್ಕ್ರೂ ಸಿಗುತ್ತದೆ, ಅದನ್ನು ಸಡಿಲಿಸಿ. ಹಿಂದೆ ಇಂಜಿನ್ ಪಕ್ಕದ ಒತ್ತಡದ ಡಬ್ಬಿಯಿಂದ ತುಂಬಿ. ನಂಬರ್ ಪ್ಲೇಟಿನ ಹಿಂದಿರುವುದು ಬರೀ ಹೆಚ್ಚುವರಿ ಡಬ್ಬಿ, ಮೊದಲ ಸಲ ಅದರಿಂದ ತುಂಬಿದರೆ ಒಳಗೆ ಹೋಗುವುದಿಲ್ಲ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ 2,000 ಆರ್‌ಪಿಎಂನಲ್ಲಿ ಹಿಡಿಯಿರಿ. ಇದಕ್ಕೆ ಇಬ್ಬರು ಬೇಕು, ಒಬ್ಬರು ಹಿಂದೆ ಸುರಿಯುತ್ತಲೇ ಇರಬೇಕು. ಮುಂದಿನ ಸ್ಕ್ರೂ ಹತ್ತಿರ ಮೊದಲು ಬುಸ್ ಬುಸ್ ಅಂತ ಗಾಳಿ, ಆಮೇಲೆ ನೊರೆ, ಕೊನೆಗೆ ಗುಳ್ಳೆ ಇಲ್ಲದ ನೀಲಿ ಧಾರೆ ಬರುತ್ತದೆ. ಆಗ ಸ್ಕ್ರೂ ಬಿಗಿಯಿರಿ. ರೇಡಿಯೇಟರ್ ಫ್ಯಾನ್ ಒಂದು ಸಲ ತಾನಾಗಿ ತಿರುಗಿ ನಿಲ್ಲುವ ತನಕ ಓಡಲಿ.

ಒಂದು ಮಾತು ಮರೆತಿದ್ದೆ. ಪೆಟ್ರೋಲ್ ಲೈನ್ ಹಾಕಿ ಮುಗಿದ ಮೇಲೆ ಮೊದಲು 5 ಲೀಟರ್ ಮಾತ್ರ ಹಾಕಿ, ಸ್ಟಾರ್ಟ್ ಮಾಡಿ, ಪ್ರತಿ ಜೋಡಣೆಯನ್ನೂ ಒಣ ಟಿಶ್ಯೂನಿಂದ ಒರೆಸಿ ನೋಡಿ. ಕೈಗೆ ಗೊತ್ತಾಗದ ಒದ್ದೆ ಟಿಶ್ಯೂಗೆ ಗೊತ್ತಾಗುತ್ತದೆ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಶಿವಮೊಗ್ಗ_ಬ್ರಿಸ್ಟಲ್:

ಸರ್, ಟ್ಯಾಂಕ್ ಇಳಿಸಿ ಆಯಿತು. ನೀವು ಹೇಳಿದ ಬಿರಡೆಗಳು ಬೆಲ್ಲದ ಪಾಕದ ಹಾಗೆ ಮೆತ್ತಗಾಗಿ ಬೆರಳಿಗೆ ಅಂಟಿಕೊಂಡವು. ಒಂದು ಗಾಳಿ ಪೈಪ್ ಟ್ಯಾಂಕಿಂದ ಕಳಚಿಯೇ ಇತ್ತು. ಹೊಸವು ಕೂತಿವೆ. ಸ್ಟೇನ್‌ಲೆಸ್ ಸೆಟ್ ಶುಕ್ರವಾರ ಬರುತ್ತದೆ. ಹೋಸ್ ಮೂತಿಗೆ ಹತ್ತಿಸುವಾಗ ಗ್ರೀಸ್ ಸವರಬಹುದಾ?

ಕವೆಂಟ್ರಿ_ಮೇಷ್ಟ್ರು:

ಗ್ರೀಸ್ ಬೇಡ, ರಬ್ಬರ್ ಕೆಡುತ್ತದೆ. ಕೂಲಂಟ್ ಹೋಸಿಗೆ ಒಂದು ಹನಿ ಕೂಲಂಟನ್ನೇ ಸವರಿ ತಳ್ಳಿ, ಪೆಟ್ರೋಲ್ ಹೋಸಿಗೆ ಒಣ ಮೂತಿಯೇ ಸರಿ. ಕೂಲಂಟ್ ಕ್ಲಿಪ್ಪುಗಳನ್ನು ಒಂದು ಸಲ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಮತ್ತೆ ಬಿಗಿಯಿರಿ, ಹೊಸ ರಬ್ಬರ್ ಸ್ವಲ್ಪ ಕೂರುತ್ತದೆ.