ಆಫ್‌ಲೈನ್ ರಸೀದಿಗೆ ಐಡಿ ಎಲ್ಲಿಂದ ತರೋದು? ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಪುಟ್ಟ ತಂಡ ಒಂದು ಪತ್ತಿನ ಸಹಕಾರ ಸಂಘಕ್ಕೆ ಪಿಗ್ಮಿ ಕಲೆಕ್ಷನ್ ಆ್ಯಪ್ ಮಾಡುತ್ತಿದೆ. ಏಜೆಂಟರು ದಿನಾ ಅಂಗಡಿಗಳಿಗೆ ಹೋಗಿ ಹಣ ತೆಗೆದುಕೊಂಡು ಮೊಬೈಲಿನಿಂದಲೇ ರಸೀದಿ ಕೊಡುತ್ತಾರೆ. ಸುಮಾರು ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಸಂಜೆ ಶಾಖೆಗೆ ಬಂದಾಗ ಎಲ್ಲವೂ ಸರ್ವರ್‌ಗೆ ಸಿಂಕ್ ಆಗಬೇಕು. ಸರ್ವರ್‌ನಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇದೆ, ಎಲ್ಲಾ ಟೇಬಲ್‌ಗೂ ಆಟೋ ಇನ್‌ಕ್ರಿಮೆಂಟ್ ಐಡಿ, ಅಂದರೆ ಸಾಲು ಸೇರಿದಾಗ ಡೇಟಾಬೇಸೇ ಏರಿಸುತ್ತಾ ಕೊಡುವ ನಂಬರ್. ಫೋನ್‌ನಲ್ಲಿ ರಸೀದಿ ಹುಟ್ಟುವ ಹೊತ್ತಿಗೆ ಆ ನಂಬರ್ ಇರುವುದೇ ಇಲ್ಲ, ಅದೇ ತೊಂದರೆ. ಯುಯುಐಡಿ (ಯಾವ ಯಂತ್ರ ಬೇಕಾದರೂ ಸರ್ವರನ್ನು ಕೇಳದೆ ತಾನೇ ಮಾಡಿಕೊಳ್ಳುವ ಉದ್ದದ ಐಡಿ) ಹಾಕಿ ಅಂತ ಕೆಲವರು, ಹಾಕಿದರೆ ಡೇಟಾಬೇಸ್ ನಿಧಾನ ಆಗುತ್ತದೆ ಅಂತ ಇನ್ನು ಕೆಲವರು. ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಹಾಲು ಸಂಗ್ರಹದ ಸಾಫ್ಟ್‌ವೇರ್ ಮಾಡುವವರು

ಹಾಲು ಸಂಗ್ರಹ ಕೇಂದ್ರಗಳಲ್ಲೂ ನಿಮ್ಮದೇ ಪರಿಸ್ಥಿತಿ. ನಾನು ಹೇಳುವುದು ಇಷ್ಟೇ: ರಸೀದಿ ಎಲ್ಲಿ ಹುಟ್ಟುತ್ತದೋ ಅದರ ಐಡಿಯೂ ಅಲ್ಲೇ ಹುಟ್ಟಬೇಕು. ಅಂದರೆ ಫೋನ್‌ನಲ್ಲೇ.

ಇದಕ್ಕೆ ಆಫ್‌ಲೈನ್ ಒಂದೇ ಕಾರಣ ಅಲ್ಲ. ಸಿಂಕ್ ಆಗುವಾಗ ಏನಾಗುತ್ತದೆ ನೋಡಿ. ಫೋನ್ ರಸೀದಿ ಕಳಿಸಿತು. ಸರ್ವರ್ ಬರೆದುಕೊಂಡಿತು. 'ಬಂತು' ಅನ್ನುವ ಉತ್ತರ ವಾಪಸ್ ಬರುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಪಾಪ, ಫೋನ್‌ಗೆ ಅದು ಗೊತ್ತಿಲ್ಲ. ಮತ್ತೆ ಕಳಿಸುತ್ತದೆ. ಐಡಿ ಕೊಡುವುದು ಸರ್ವರ್ ಆಗಿದ್ದರೆ ಇದನ್ನು ಹೊಸ ರಸೀದಿ ಅಂದುಕೊಂಡು ಹೊಸ ನಂಬರ್ ಕೊಡುತ್ತದೆ. ಖಾತೆದಾರರು ಕೊಟ್ಟದ್ದು 200 ರೂಪಾಯಿ, ಲೆಕ್ಕದಲ್ಲಿ 400. ಸಂಜೆ ಏಜೆಂಟರ ಕೈಯಲ್ಲಿರುವ ನಗದು ತಾಳೆ ಆಗುವುದಿಲ್ಲ, ಆ ಮನುಷ್ಯ ಸುಮ್ಮಸುಮ್ಮನೆ ಮಾತು ಕೇಳಬೇಕಾಗುತ್ತದೆ.

ಐಡಿ ಫೋನ್‌ನಿಂದಲೇ ಬಂದು, ಸರ್ವರ್‌ನ ಆ ಕಾಲಮ್‌ಗೆ ಯೂನಿಕ್ ಇಂಡೆಕ್ಸ್ (ಒಂದೇ ಮೌಲ್ಯ ಎರಡು ಸಲ ಬರಲು ಬಿಡದ ಹುಡುಕು ಪಟ್ಟಿ) ಇದ್ದರೆ, ಎರಡನೇ ಸಲ ಬಂದದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಆಗ ಸರ್ವರ್ ಎರರ್ ಕಳಿಸಬಾರದು. 'ಬಂದಿದೆ' ಅಂತಲೇ ಉತ್ತರ ಕೊಡಬೇಕು, ಇಲ್ಲದಿದ್ದರೆ ಫೋನ್ ಕಳಿಸುವುದನ್ನು ನಿಲ್ಲಿಸುವುದೇ ಇಲ್ಲ. ಅದೇ ಐಡಿ ಬೇರೆ ಮೊತ್ತದ ಜೊತೆ ಬಂದರೆ ಮಾತ್ರ ಪಕ್ಕಕ್ಕೆ ತೆಗೆದಿಟ್ಟು ಯಾರಾದರೂ ಕಣ್ಣಿಂದ ನೋಡಲಿ. ಪೇಮೆಂಟ್ ಎಪಿಐಗಳಲ್ಲಿ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ) ಐಡೆಂಪೊಟೆನ್ಸಿ ಕೀ ಅನ್ನುತ್ತಾರಲ್ಲ, ಅದು ಇದೇ. ಇನ್ನೊಂದು ವಿಷಯ. ಐಡಿಯನ್ನು 'ಉಳಿಸಿ' ಒತ್ತಿದಾಗಲೇ ಮಾಡಿ, ರಸೀದಿಯ ಜೊತೆಗೇ ಫೋನ್ ಒಳಗಿನ ಪುಟ್ಟ ಡೇಟಾಬೇಸ್ ಎಸ್‌ಕ್ಯೂಲೈಟ್‌ನಲ್ಲಿ ಬರೆಯಿರಿ. ಕಳಿಸುವ ಕೋಡ್‌ನಲ್ಲಿ ಐಡಿ ಮಾಡಿದರೆ ಪ್ರತಿ ಸಲವೂ ಹೊಸದು ಹುಟ್ಟುತ್ತದೆ, ಇಷ್ಟೆಲ್ಲಾ ಮಾಡಿದ್ದು ದಂಡ.

ಯಾವ ಯುಯುಐಡಿ? 4ನೇ ಆವೃತ್ತಿಯಲ್ಲಿ 128 ಬಿಟ್‌ಗಳ ಪೈಕಿ 122 ಪೂರ್ತಿ ರ್‍ಯಾಂಡಮ್. ಎರಡು ಒಂದೇ ಆಗಿಬಿಟ್ಟರೆ ಅಂತ ಹೆದರುವವರಿಗೆ ಒಂದು ಲೆಕ್ಕ: ಸೆಕೆಂಡಿಗೆ 100 ಕೋಟಿಯಂತೆ ಸುಮಾರು 86 ವರ್ಷ ಮಾಡುತ್ತಾ ಹೋದರೆ, ಒಂದಾದರೂ ಡಿಕ್ಕಿ ಆಗುವ ಸಾಧ್ಯತೆ ಅರ್ಧಕ್ಕೆ ಬರುತ್ತದೆ. ಆದರೆ ರ್‍ಯಾಂಡಮ್ ನಿಜವಾಗಿಯೂ ಚೆನ್ನಾಗಿರಬೇಕು. ಜಾವಾ ಮತ್ತು ಆಂಡ್ರಾಯ್ಡ್‌ನ ರ್‍ಯಾಂಡಮ್‌ಯುಯುಐಡಿ ಸುರಕ್ಷಿತ ಮೂಲವನ್ನೇ ಬಳಸುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಮ್ಯಾತ್.ರ್‍ಯಾಂಡಮ್ ಇಟ್ಟುಕೊಂಡು ಕೈಯಾರೆ ಐಡಿ ಕಟ್ಟುವ ಕೋಡ್ ಎಲ್ಲೆಲ್ಲೂ ಸಿಗುತ್ತದೆ. ಅದು ಬೇಡ. ಕ್ರಿಪ್ಟೋ.ರ್‍ಯಾಂಡಮ್‌ಯುಯುಐಡಿ ಬಳಸಿ. ಬ್ರೌಸರ್‌ನಲ್ಲಿ ಅದು ಎಚ್‌ಟಿಟಿಪಿಎಸ್ ಪುಟದಲ್ಲಿ ಮಾತ್ರ ಸಿಗುತ್ತದೆ. ಲೋಕಲ್‌ಹೋಸ್ಟ್‌ನಲ್ಲೂ ನಡೆಯುತ್ತದೆ, ಹಾಗಾಗಿ ಟೆಸ್ಟ್ ಮಾಡುವಾಗ ಗೊತ್ತಾಗದೆ ಸಂಘದ ಒಳಗಿನ ಸಾದಾ ಎಚ್‌ಟಿಟಿಪಿ ಸರ್ವರ್‌ಗೆ ಹೋದಾಗ ಕೈಕೊಡುತ್ತದೆ.

ನಿಮಗೆ ನಾನು ಹೇಳುವುದು 7ನೇ ಆವೃತ್ತಿ. 2024ರ ಮೇನಲ್ಲಿ ಬಂದ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 9562 ಇದನ್ನು ಅಧಿಕೃತ ಮಾಡಿತು. ಮೊದಲ 48 ಬಿಟ್ ಮಿಲಿಸೆಕೆಂಡ್ ಸಮಯ, ಉಳಿದದ್ದರಲ್ಲಿ 74 ಬಿಟ್ ರ್‍ಯಾಂಡಮ್. ಏಜೆಂಟರ ಫೋನ್‌ನ ಗಡಿಯಾರ ತಪ್ಪಿದ್ದರೂ ಐಡಿ ಬೇರೆಬೇರೆಯಾಗಿಯೇ ಇರುತ್ತದೆ, ಕ್ರಮ ಮಾತ್ರ ಹೆಚ್ಚುಕಮ್ಮಿ ಆಗುತ್ತದೆ. ಅದಕ್ಕೇ ಸರ್ವರ್‌ಗೆ ತಲುಪಿದ ಸಮಯವನ್ನು ಬೇರೆ ಕಾಲಮ್‌ನಲ್ಲಿ ಇಡಿ. ಐಡಿಯಿಂದ ದಿನಾಂಕ ಬಿಡಿಸಿ ಬಡ್ಡಿ ಲೆಕ್ಕ ಹಾಕುವ ಆಸೆ ಬೇಡ.

ಡೇಟಾಬೇಸ್ ನೋಡಿಕೊಳ್ಳುವವರು

'ನಿಧಾನ ಆಗುತ್ತದೆ' ಅನ್ನುವುದು ಅರ್ಧ ನಿಜ. ಮೈಎಸ್‌ಕ್ಯೂಎಲ್‌ನ ಒಳಗೆ ಡೇಟಾ ಇಡುವ ಭಾಗವಾದ ಇನ್ನೋಡಿಬಿ, ಪ್ರೈಮರಿ ಕೀಯ (ಪ್ರತಿ ಸಾಲಿನ ಮುಖ್ಯ ಗುರುತಿನ) ಕ್ರಮದಲ್ಲೇ ಸಾಲುಗಳನ್ನು ಜೋಡಿಸುತ್ತದೆ, 16 ಕೆಬಿಯ ಪೇಜ್‌ಗಳಲ್ಲಿ. 4ನೇ ಆವೃತ್ತಿಯ ಐಡಿ ಪ್ರೈಮರಿ ಕೀ ಆದರೆ ಪ್ರತಿ ಹೊಸ ಸಾಲೂ ಎಲ್ಲೋ ಮಧ್ಯದ ಪೇಜ್‌ಗೆ ನುಗ್ಗಬೇಕು. ಟೇಬಲ್ ಮೆಮೊರಿಗೆ ಹಿಡಿಸುವಷ್ಟು ದಿನ ಏನೂ ಗೊತ್ತಾಗುವುದಿಲ್ಲ. ಅದು ಮೀರಿದ ಮೇಲೆ ಪ್ರತಿ ಇನ್ಸರ್ಟ್‌ಗೂ ಡಿಸ್ಕ್ ಓದು, ಪೇಜ್ ಒಡೆತ. 7ನೇ ಆವೃತ್ತಿಯಲ್ಲಿ ಹೊಸದೆಲ್ಲ ಕೊನೆಯ ಹತ್ತಿರವೇ ಬೀಳುತ್ತದೆ. ಬೆಳಿಗ್ಗೆಯ ರಸೀದಿ ಸಂಜೆ ಬಂದರೂ ಆ ದಿನದ ಪೇಜ್‌ಗಳು ಮೆಮೊರಿಯಲ್ಲೇ ಇರುತ್ತವೆ.

ಇನ್ನು ಗಾತ್ರ. ಯುಯುಐಡಿಯನ್ನು 36 ಅಕ್ಷರದ ಪಠ್ಯವಾಗಿ ಇಡುವುದೇ ದೊಡ್ಡ ನಷ್ಟ. ಇನ್ನೋಡಿಬಿಯಲ್ಲಿ ಉಳಿದ ಪ್ರತಿ ಇಂಡೆಕ್ಸ್‌ನ ಒಳಗೂ ಪ್ರೈಮರಿ ಕೀಯ ಒಂದು ನಕಲು ಇರುತ್ತದೆ. ಐದು ಇಂಡೆಕ್ಸ್ ಇದ್ದರೆ ಐದು ಕಡೆ 36 ಬೈಟ್. ಬೈನರಿ 16 ಕಾಲಮ್‌ನಲ್ಲಿ ಇಡಿ. ಮೈಎಸ್‌ಕ್ಯೂಎಲ್ 8ರಲ್ಲಿ ಅದಕ್ಕೆ ಯುಯುಐಡಿ-ಟು-ಬಿನ್ ಫಂಕ್ಷನ್ ಇದೆ. ಅದಕ್ಕೆ ಎರಡನೇ ಆರ್ಗ್ಯುಮೆಂಟ್ ಆಗಿ 1 ಕೊಡಿ ಅಂತ ಹಳೆಯ ಬರಹಗಳು ಹೇಳುತ್ತವೆ. ಅದು ಯುಯುಐಡಿಯ 1ನೇ ಆವೃತ್ತಿಗೆ ಮಾತ್ರ. 7ಕ್ಕೆ ಕೊಟ್ಟರೆ ಸಮಯದ ಬಿಟ್‌ಗಳು ಹಿಂದುಮುಂದಾಗಿ, ಯಾವುದಕ್ಕಾಗಿ 7 ಆರಿಸಿದಿರೋ ಅದೇ ಹೋಗುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಸಾಲುಗಳು ಕೀ ಕ್ರಮದಲ್ಲಿ ಇರುವುದಿಲ್ಲ, 16 ಬೈಟ್‌ನ ಯುಯುಐಡಿ ಟೈಪ್ ಮೊದಲಿನಿಂದಲೂ ಇದೆ, ಅಲ್ಲಿ ನೋವು ಕಡಿಮೆ. ಅದರ 18ನೇ ಆವೃತ್ತಿಯಲ್ಲಿ 7ನೇ ಆವೃತ್ತಿಯ ಯುಯುಐಡಿ ಮಾಡುವ ಫಂಕ್ಷನ್ ಕೂಡ ಸೇರಿದೆ.

ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ನಿಮ್ಮ ಆಟೋ ಇನ್‌ಕ್ರಿಮೆಂಟ್ ತೆಗೆಯುವ ಅಗತ್ಯವೇ ಇಲ್ಲ. ಅದು ಟೇಬಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಒಳಗಿನ ಜಾಯಿನ್‌ಗಳಿಗೆ ಇರಲಿ. ಫೋನ್ ಕೊಟ್ಟ ಯುಯುಐಡಿ ಪಕ್ಕದ ಯೂನಿಕ್ ಕಾಲಮ್ ಆಗಲಿ. ಆದರೆ ಆಟೋ ಇನ್‌ಕ್ರಿಮೆಂಟ್ ಕಾಲಮ್ ಇಂಟ್ (32 ಬಿಟ್ ಸಂಖ್ಯೆ) ಆಗಿದ್ದರೆ ಇವತ್ತೇ ಬಿಗ್‌ಇಂಟ್ (64 ಬಿಟ್) ಮಾಡಿ. ಇಂಟ್ 214 ಕೋಟಿ ದಾಟಿದ ಮೇಲೆ ನಿಲ್ಲುತ್ತದೆ. 2018ರ ನವೆಂಬರ್ 8ರಂದು ಬೇಸ್‌ಕ್ಯಾಂಪ್ ಎಂಬ ಪ್ರಾಜೆಕ್ಟ್ ನಿರ್ವಹಣೆಯ ಆ್ಯಪ್ ಹೀಗೇ ಒಂದು ಟೇಬಲ್‌ನ ಐಡಿ ಮುಗಿದು ಸುಮಾರು ಐದು ಗಂಟೆ ಬರೀ ಓದಲು ಮಾತ್ರ ತೆರೆದಿತ್ತು. ರಸೀದಿ ಟೇಬಲ್ ಅಲ್ಲಿಗೆ ಮುಟ್ಟಲು ಬಹಳ ಕಾಲ ಬೇಕು, ನಿಜ. ಮೊದಲು ಮುಟ್ಟುವುದು ಯಾರೂ ತಿರುಗಿ ನೋಡದ ಲಾಗ್ ಟೇಬಲ್.

ಸ್ನೋಫ್ಲೇಕ್ ಬಳಸಿದವರು

64 ಬಿಟ್‌ನಲ್ಲೇ ಮುಗಿಯುವ ಸ್ನೋಫ್ಲೇಕ್ ಎಂಬ ಐಡಿ ವಿಧಾನ ಕೂಡ ಇದೆಯಲ್ಲ ಅಂತ ಯಾರಾದರೂ ಹೇಳುತ್ತಾರೆ, ಅದಕ್ಕೇ ಮೊದಲೇ ಹೇಳುತ್ತೇನೆ. 2010ರಲ್ಲಿ ಟ್ವಿಟರ್ ಮಾಡಿದ್ದು: 41 ಬಿಟ್ ಸಮಯ, 10 ಬಿಟ್ ಯಂತ್ರದ ನಂಬರ್, 12 ಬಿಟ್ ಸರಣಿ. ಸರ್ವರ್‌ಗಳಿಗೆ ಚೆನ್ನ. ಫೋನ್‌ಗಳಿಗೆ ಅಲ್ಲ. ಯಂತ್ರದ ನಂಬರ್ 1,024 ಮಾತ್ರ, ಫೋನ್‌ಗಳು ಬರುತ್ತಾ ಹೋಗುತ್ತಾ ಇರುತ್ತವೆ, ಯಾರಿಗೆ ಯಾವುದು ಕೊಟ್ಟಿರಿ ಎಂಬ ಲೆಕ್ಕ ಇಡುವುದೇ ಒಂದು ಕೆಲಸ.

ನೀವು ಏನೇ ಮಾಡಿ, ಜೆಸನ್‌ನಲ್ಲಿ (ಆ್ಯಪ್ ಮತ್ತು ಸರ್ವರ್ ಡೇಟಾ ಕಳಿಸಿಕೊಳ್ಳುವ ರೂಪ) ದೊಡ್ಡ ಐಡಿಯನ್ನು ಸ್ಟ್ರಿಂಗ್ ಆಗಿ, ಅಂದರೆ ಪಠ್ಯವಾಗಿ ಕಳಿಸಿ. ಜಾವಾಸ್ಕ್ರಿಪ್ಟ್ ಸಂಖ್ಯೆ 9007199254740991 ದಾಟಿದರೆ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗುತ್ತವೆ. ಟ್ವಿಟರ್ ಕೂಡ ಇದೇ ಕಾರಣಕ್ಕೆ ಐಡಿಯನ್ನು ಸ್ಟ್ರಿಂಗ್ ರೂಪದಲ್ಲೂ ಕೊಡತೊಡಗಿತು.

ಕಸ್ಟಮರ್ ಸಪೋರ್ಟ್ ಕಡೆಯವರು

ಎಲ್ಲರೂ ಯಂತ್ರದ ಕಡೆ ಮಾತಾಡಿದಿರಿ. ರಸೀದಿ ಕೈಯಲ್ಲಿ ಹಿಡಿದ ಅಂಗಡಿಯವರು ಫೋನ್ ಮಾಡಿ ನಂಬರ್ ಹೇಳಬೇಕಲ್ವಾ? 36 ಅಕ್ಷರದ ಯುಯುಐಡಿ ಓದಿ ಹೇಳಿ ಅಂತ ಅವರಿಗೆ ಹೇಳಲು ಆಗುತ್ತದಾ? ಜನರಿಗೆ ಬೇರೆ, ಚಿಕ್ಕ ನಂಬರ್ ಬೇಕೇ ಬೇಕು. ನನ್ನ ಅನುಭವದಲ್ಲಿ ಬರೀ ಅಂಕಿಗಳೇ ವಾಸಿ. ಬಿ, ಡಿ, ಪಿ, ಟಿ ಫೋನ್‌ನಲ್ಲಿ ಒಂದೇ ಥರ ಕೇಳಿಸುತ್ತವೆ. ಅಂಕಿಯನ್ನು ಯಾರು ಬೇಕಾದರೂ ಕನ್ನಡದಲ್ಲೇ ಹೇಳುತ್ತಾರೆ. ನಾಲ್ಕು ನಾಲ್ಕಾಗಿ ಬಿಡಿಸಿ ಮುದ್ರಿಸಿ.

ಕೊನೆಯಲ್ಲಿ ಒಂದು ಚೆಕ್ ಅಂಕಿ ಹಾಕಿ. ಆಧಾರ್‌ನ 12ನೇ ಅಂಕಿ ಇದೇ ಕೆಲಸಕ್ಕೆ ಇರುವುದು, ಅದು ವೆರ್ಹೂಫ್ ವಿಧಾನ. ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಅದಲುಬದಲಾದರೂ ಅದು ಹಿಡಿಯುತ್ತದೆ. ಬ್ಯಾಂಕ್ ಕಾರ್ಡ್‌ಗಳಲ್ಲಿ ಇರುವ ಲೂನ್ ವಿಧಾನ ಸುಲಭ, ಆದರೆ 09 ಮತ್ತು 90 ಅದಲುಬದಲಾದರೆ ಅದಕ್ಕೆ ಗೊತ್ತಾಗುವುದಿಲ್ಲ.

ಸಂಘದವರು ಎಲ್ಲವನ್ನೂ ಎಕ್ಸೆಲ್‌ಗೆ ಹಾಕುತ್ತಾರೆ, ಅದನ್ನೂ ನೆನಪಿಡಿ. 15 ಅಂಕಿ ದಾಟಿದರೆ ಮುಂದಿನವೆಲ್ಲ ಸೊನ್ನೆ. ಮೊದಲಿನ ಸೊನ್ನೆಗಳು ಮಾಯ. ಅಂಕಿಗಳ ನಡುವೆ ಇಂಗ್ಲಿಷಿನ 'ಇ' ಅಕ್ಷರ ಬಂದರೆ ಅದು ಘಾತದ ಸಂಖ್ಯೆ ಅಂದುಕೊಳ್ಳುತ್ತದೆ. ವಿಜ್ಞಾನಿಗಳು 2020ರಲ್ಲಿ ಕೆಲವು ಜೀನ್‌ಗಳ ಹೆಸರಿನ ನಿಯಮವನ್ನೇ ಬದಲಿಸಿದರು, ಯಾಕೆಂದರೆ ಮಾರ್ಚ್1 ಎಂಬ ಜೀನ್ ಎಕ್ಸೆಲ್‌ನಲ್ಲಿ ದಿನಾಂಕ ಆಗಿಬಿಡುತ್ತಿತ್ತು. ಹಾಗಾಗಿ 14 ಅಂಕಿಯೊಳಗೆ, ಸೊನ್ನೆಯಿಂದ ಶುರುವಾಗದ ಹಾಗೆ ಮಾಡಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯಿತು. ಎರಡು ಸಂದೇಹ. ರಸೀದಿ ನಂಬರ್ ಏಜೆಂಟ್ ಕೋಡ್ ಮತ್ತು ಸರಣಿ ಅಂತ ಮಾಡೋಣ ಅಂದುಕೊಂಡೆವು. ಏಜೆಂಟ್ ಫೋನ್ ಬದಲಿಸಿದರೆ? ಮತ್ತೆ ಆಡಿಟರ್ ಸರಣಿಯಲ್ಲಿ ನಡುವೆ ನಂಬರ್ ಬಿಟ್ಟುಹೋಗಬಾರದು ಅನ್ನುತ್ತಾರೆ.

ಅಕೌಂಟಿಂಗ್ ಸಾಫ್ಟ್‌ವೇರ್ ಬರೆಯುವವರು

ಸರಣಿಯನ್ನು ಏಜೆಂಟರಿಗೆ ಕಟ್ಟಬೇಡಿ, ಇನ್‌ಸ್ಟಾಲ್‌ಗೆ ಕಟ್ಟಿ. ಆ್ಯಪ್ ಹೊಸದಾಗಿ ಹಾಕಿ ಲಾಗಿನ್ ಆಗುವಾಗ ಹೇಗೂ ನೆಟ್ ಇರುತ್ತದೆ. ಆಗ ಸರ್ವರ್ ಒಂದು ಹೊಸ ಸರಣಿ ಕೋಡ್ ಕೊಡಲಿ, ಅದರೊಳಗೆ ಫೋನ್ 1ರಿಂದ ಎಣಿಸಲಿ. ಫೋನ್ ಕಳೆದುಹೋದರೂ, ಆ್ಯಪ್ ಅಳಿಸಿ ಮತ್ತೆ ಹಾಕಿದರೂ ಹೊಸ ಕೋಡ್. ಒಂದೇ ನಂಬರಿನ ಎರಡು ರಸೀದಿ ಬರುವ ದಾರಿಯೇ ಮುಚ್ಚುತ್ತದೆ.

ಬಿಟ್ಟುಹೋಗುವ ನಂಬರ್ ವಿಷಯ ಮುಖ್ಯ. ಡೇಟಾಬೇಸ್‌ನ ಆಟೋ ಇನ್‌ಕ್ರಿಮೆಂಟ್, ಸೀಕ್ವೆನ್ಸ್ ಯಾವುದೂ ಸತತ ನಂಬರ್ ಕೊಡುತ್ತೇನೆ ಅಂತ ಮಾತು ಕೊಟ್ಟಿಲ್ಲ. ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಬರಹಗಳ ಕಟ್ಟು) ರೋಲ್‌ಬ್ಯಾಕ್ ಆದರೆ, ಅಂದರೆ ನಡುವೆ ರದ್ದಾದರೆ, ತೆಗೆದುಕೊಂಡ ನಂಬರ್ ಹೋಯಿತು, ವಾಪಸ್ ಬರುವುದಿಲ್ಲ. ಬೇಕೆಂತಲೇ ಹಾಗೆ ಮಾಡಿದ್ದಾರೆ, ಒಬ್ಬರಿಗಾಗಿ ಇನ್ನೊಬ್ಬರು ಕಾಯಬಾರದು ಅಂತ. ಇದಕ್ಕೆ ಉಲ್ಟಾ ತೊಂದರೆಯೂ ಇದೆ: ಮೈಎಸ್‌ಕ್ಯೂಎಲ್ 8ಕ್ಕಿಂತ ಮುಂಚೆ, ಕೊನೆಯ ಸಾಲುಗಳನ್ನು ಅಳಿಸಿ ಸರ್ವರ್ ರೀಸ್ಟಾರ್ಟ್ ಮಾಡಿದರೆ ಅದೇ ನಂಬರ್‌ಗಳು ಮತ್ತೆ ಬರುತ್ತಿದ್ದವು. ಆದ್ದರಿಂದ ಲೆಕ್ಕದ ನಂಬರ್‌ಗೆ ಪ್ರತ್ಯೇಕ ಕೌಂಟರ್ ಟೇಬಲ್ ಇಡಿ. ಕೌಂಟರ್ ಏರಿಸುವುದು, ರಸೀದಿ ಬರೆಯುವುದು ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಆಗಲಿ. ಫೋನ್‌ನಲ್ಲಿ ಬರೆಯುವವರು ಒಬ್ಬರೇ, ಕಾಯುವ ಪ್ರಶ್ನೆ ಇಲ್ಲ. ರದ್ದಾದ ರಸೀದಿಯನ್ನು ಎಂದೂ ಅಳಿಸಬೇಡಿ, ರದ್ದು ಅಂತ ಗುರುತು ಹಾಕಿ ಉಳಿಸಿ. ಆಡಿಟರ್ ಕೇಳುವುದು ಅದನ್ನೇ.

ಮುಂದೆ ನೀವು ಜಿಎಸ್‌ಟಿ ಬಿಲ್ ಕೂಡ ಮಾಡುವುದಾದರೆ ನಿಯಮವೇ ಇದೆ. 2017ರ ಕೇಂದ್ರ ಜಿಎಸ್‌ಟಿ ನಿಯಮಗಳ 46ನೇ ನಿಯಮದ ಪ್ರಕಾರ ಇನ್‌ವಾಯ್ಸ್ ನಂಬರ್ ಕ್ರಮವಾಗಿ ಬರಬೇಕು, 16 ಅಕ್ಷರ ಮೀರಬಾರದು, ಆ ಹಣಕಾಸು ವರ್ಷದಲ್ಲಿ ಎರಡು ಸಲ ಬರಬಾರದು. ಯುಯುಐಡಿ ಅಲ್ಲಿ ಹಿಡಿಸುವುದೇ ಇಲ್ಲ. ಯಂತ್ರಕ್ಕೆ ಒಂದು ಗುರುತು, ಜನರಿಗೆ ಮತ್ತು ಲೆಕ್ಕಕ್ಕೆ ಇನ್ನೊಂದು. ಎರಡನ್ನೂ ಒಂದೇ ಕಾಲಮ್‌ನಲ್ಲಿ ತುರುಕಿದ ಕಡೆಯೆಲ್ಲ ನಾನು ಬರೀ ಜಗಳ ನೋಡಿದ್ದೇನೆ.

ಸೆಕ್ಯುರಿಟಿ ಟೆಸ್ಟಿಂಗ್ ಮಾಡುವವರು

ಯುಆರ್‌ಎಲ್‌ನಲ್ಲಿ 1051 ಇದ್ದದ್ದನ್ನು 1052 ಮಾಡಿದರೆ ಪಕ್ಕದವರ ಖಾತೆ ಕಾಣುವುದು, ಈಗಲೂ ಅತಿ ಜಾಸ್ತಿ ಸಿಗುವ ತಪ್ಪುಗಳಲ್ಲಿ ಒಂದು. ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್‌ನ ಎಪಿಐ ಅಪಾಯಗಳ ಪಟ್ಟಿಯಲ್ಲಿ 2019ರಲ್ಲೂ 2023ರಲ್ಲೂ ಇದಕ್ಕೇ ಮೊದಲ ಸ್ಥಾನ. ಯುಯುಐಡಿ ಹಾಕಿದರೆ ಊಹಿಸುವುದು ಕಷ್ಟ, ನಿಜ. ಆದರೆ ಅದು ಬೀಗ ಅಲ್ಲ. ಲಿಂಕ್ ವಾಟ್ಸಾಪ್‌ನಲ್ಲಿ ಹೋಗುತ್ತದೆ, ಸ್ಕ್ರೀನ್‌ಶಾಟ್‌ನಲ್ಲಿ ಇರುತ್ತದೆ. ಈ ಏಜೆಂಟ್ ಈ ಖಾತೆ ನೋಡಬಹುದಾ ಅಂತ ಸರ್ವರ್ ಪ್ರತಿ ಸಲ ಕೇಳಲೇಬೇಕು. 7ನೇ ಆವೃತ್ತಿಯಲ್ಲಿ ಹುಟ್ಟಿದ ಸಮಯ ಯಾರಿಗೂ ಕಾಣುತ್ತದೆ. ಹಾಗಾಗಿ ಪಾಸ್‌ವರ್ಡ್ ರೀಸೆಟ್ ಲಿಂಕ್‌ಗೆ ಅದು ಬೇಡ, ಪ್ರತ್ಯೇಕ ರ್‍ಯಾಂಡಮ್ ಟೋಕನ್ ಮಾಡಿ.

ಸರಣಿ ನಂಬರ್ ಹೊರಗೆ ಕಂಡರೆ ವ್ಯವಹಾರದ ಗಾತ್ರವೂ ಕಾಣುತ್ತದೆ. ಎರಡನೇ ಮಹಾಯುದ್ಧದಲ್ಲಿ ವಶಕ್ಕೆ ಸಿಕ್ಕ ಜರ್ಮನ್ ಟ್ಯಾಂಕ್‌ಗಳ ಸರಣಿ ನಂಬರ್ ನೋಡಿಯೇ ಮಿತ್ರಪಕ್ಷದ ಸಂಖ್ಯಾಶಾಸ್ತ್ರಜ್ಞರು ತಿಂಗಳ ಉತ್ಪಾದನೆ ಲೆಕ್ಕ ಹಾಕಿದರು. 1942ರ ಆಗಸ್ಟ್‌ಗೆ ಬೇಹುಗಾರರ ಅಂದಾಜು 1,550, ಇವರದು 327. ಯುದ್ಧ ಮುಗಿದ ಮೇಲೆ ಜರ್ಮನ್ ದಾಖಲೆಯಲ್ಲಿ ಸಿಕ್ಕಿದ್ದು 342.

ಕನ್ನಡ ಡೇಟಾ ಜೊತೆ ಕೆಲಸ ಮಾಡುವವರು

ಒಂದು ವಿಷಯ ಯಾರೂ ಹೇಳಲಿಲ್ಲ. ಹಳೆಯ ಖಾತೆದಾರರನ್ನು ಹೊಸ ಸಿಸ್ಟಮ್‌ಗೆ ತರುವಾಗ ಮೊಬೈಲ್ ನಂಬರನ್ನೋ ಹೆಸರನ್ನೋ ಕೀ ಮಾಡಿಬಿಡುತ್ತಾರೆ. ಮೊಬೈಲ್ ನಂಬರ್ ಬೇಡ. ಬಳಕೆ ನಿಂತ ನಂಬರ್ 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು. ಹೆಸರಂತೂ ಬೇಡವೇ ಬೇಡ. ಊರಲ್ಲಿ ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ ಅನ್ನುವುದು ಬಿಡಿ, ಒಬ್ಬರದೇ ಹೆಸರು ಎರಡು ಥರ ಇರುತ್ತದೆ. ಕನ್ನಡದ 'ಕೊ' ಅನ್ನು ಒಂದೇ ಸ್ವರಚಿಹ್ನೆಯಾಗಿ ಬರೆಯಬಹುದು, ಎತ್ವ ಮತ್ತು ಊ ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟ್ ಬೇರೆ. ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ (ಇಂಥ ಎರಡು ಥರದ ಬರಹವನ್ನು ಒಂದೇ ಮಾಡುವ ರೂಪ) ತಂದರೆ ಇದು ಸರಿಹೋಗುತ್ತದೆ. 'ಸೂರ್ಯ' ಮತ್ತು 'ಸೂರ್‍ಯ' ಮಾತ್ರ ಆಗಲೂ ಬೇರೆಯೇ, ನಡುವೆ ಇರುವ ಕಾಣದ ಜೋಡಕವನ್ನು ಹುಡುಕಾಟದ ಕಾಲಮ್‌ನಲ್ಲಿ ತೆಗೆದುಹಾಕಬೇಕು.

ಸಂಘದ ಹಳೆಯ ಫೈಲ್‌ಗಳು ನುಡಿಯ ಹಳೆಯ ಫಾಂಟ್‌ನಲ್ಲಿ ಇದ್ದರೆ ಅದು ಯೂನಿಕೋಡೇ ಅಲ್ಲ. ಮೊದಲು ಕನ್ವರ್ಟ್ ಮಾಡಿ, ಆಮೇಲೆ ಎನ್‌ಎಫ್‌ಸಿ, ಆಮೇಲೆ ಹೋಲಿಕೆ. ಹಳೆಯ ಲೆಡ್ಜರ್ ನಂಬರನ್ನು ಶಾಖೆ ಕೋಡ್ ಜೊತೆ ಬೇರೆ ಕಾಲಮ್‌ನಲ್ಲಿ ಇದ್ದ ಹಾಗೇ ಇಡಿ. ಖಾತೆದಾರರಿಗೆ ಬಾಯಲ್ಲಿ ಇರುವುದು ಆ ನಂಬರ್, ಕೌಂಟರ್‌ಗೆ ಬಂದು ಅದನ್ನೇ ಹೇಳುತ್ತಾರೆ.